ಹಡಗು ತಪ್ಪಿಸಿಕೊಳ್ಳದಿರುವುದು ಹೇಗೆ

ಬ್ರಿಸ್ಬೇನ್ ಪಕ್ಕದ ನಮ್ಮ ರೆಡ್‌ಕ್ಲಿಫ್‌ನ ಬೌಲಿಂಗ್ ಕ್ಲಬ್ಬಿನಲ್ಲಿ ಯಾರಾದರೂ ಹಡಗಿನ ಪ್ರವಾಸಕ್ಕೆ ಹೊರಡುವುದಾದರೆ ಮೊದಲು ನನ್ನ ಮೇಜಿಗೆ ಬಂದು, ನನಗೊಂದು ಬಿಯರ್ ಕೊಡಿಸಿ, ಉಪದೇಶ ಪಡೆದು ಹೋಗುವುದು ಪದ್ಧತಿಯಾಗಿತ್ತು. (ಈ ಪದ್ಧತಿಯನ್ನು ಹುಟ್ಟುಹಾಕಿದವನು ನಾನೇ ಎಂಬುದು ನನ್ನ ಹೆಂಡತಿ ನೋಲೀನಳ ಆರೋಪ. ಅದನ್ನು ನಾನು ಒಪ್ಪಿಲ್ಲ, ಅಲ್ಲಗಳೆದೂ ಇಲ್ಲ.) ಕೊಳಾಯಿ ರಿಪೇರಿಯ ಕಸುಬಿನಿಂದ ನಿವೃತ್ತನಾದ ಮೇಲೆ ನಾವಿಬ್ಬರೂ ಪೆಸಿಫಿಕ್ ಸಾಗರವನ್ನು ಅದೆಷ್ಟು ಸಲ ಅಡ್ಡಡ್ಡ, ಉದ್ದುದ್ದ ಅಳೆದಿದ್ದೇವೆಂದರೆ, ಮನೆಯಲ್ಲಿ ಮಲಗಿದರೆ ನನಗೆ ನಿದ್ದೆ ಹತ್ತುವುದಿಲ್ಲ, ಮಂಚ ಯಾಕೆ ತೂಗುತ್ತಿಲ್ಲ ಎಂಬ ಚಿಂತೆ ಹತ್ತುತ್ತದೆ. "ಕೆಲ್ ಟ್ರಜೆಟ್ ಹೇಳಿದ ಮೇಲೆ ಮುಗೀತು" ಎಂದು ಜನ ಅನ್ನುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಯಾವಾಗ ಮುಗಿಯುತ್ತದೋ ಎಂದು ಅವರು ಕಾಯುತ್ತಿರುತ್ತಾರೆ ಎಂಬುದು ಅದರ ಅರ್ಥ ಎಂದು ನೋಲೀನ್ ಭಾಷ್ಯ ಬರೆಯುತ್ತಾಳೆ.

ಹೀಗೆ ಮೆರೆದ ನನ್ನನ್ನು ಈಗ ಅದೇ ಕ್ಲಬ್ಬಿನಲ್ಲಿ ಕಂಡರೆ ಜನ "ಓಡೋ ಕೆಲ್, ಓಡು!" ಎಂದು ಕೂಗಿ ಚಪ್ಪಾಳೆ ತಟ್ಟುತ್ತಾರೆ. ಏಕೆಂದು ಬೇರೆಯವರ ಬಾಯಿಂದ ಕೇಳಿದರೆ ನೀವು ನಗುತ್ತೀರಿ. ನನ್ನ ಬಾಯಿಂದ ಕೇಳಿದರೆ ಕೊಂಚ ಮರುಗಿ ಆಮೇಲೆ ನಗಬಹುದು. ಆದ್ದರಿಂದ ನಾನೇ ಹೇಳುತ್ತೇನೆ.

ಈ ಸಲ ನೋಲೀನ್ ತನ್ನ ತಂಗಿ ಲೊರೇನಳನ್ನೂ ಹೊರಡಿಸಿದ್ದಳು. ಲೊರೇನ್ ಕಡಲಿನಿಂದ ದೂರದ ಟೂವೂಂಬಾದವಳು, ಶಾಲೆಯ ಕ್ಯಾಂಟೀನಿನಲ್ಲಿ ಆಯುಷ್ಯ ಕಳೆದವಳು. ಅಲೆ ಎಂದರೆ ಸೂಪಿನ ಪಾತ್ರೆಯಲ್ಲಿ ಸೌಟು ಆಡಿಸಿದಾಗ ಏಳುವುದನ್ನಷ್ಟೇ ಕಂಡವಳು. ಇಂಥ ಹಸಿಮಣ್ಣು ಕೈಗೆ ಸಿಕ್ಕರೆ ಯಾವ ಕುಂಬಾರ ತಾನೇ ಸುಮ್ಮನಿರುತ್ತಾನೆ? ಹೊರಡುವ ಮೊದಲೇ ಫೋನಿನಲ್ಲಿ ಅವಳಿಗೆ ನೌಕಾದೀಕ್ಷೆ ಶುರುಮಾಡಿದೆ. ಸೂಟ್‌ಕೇಸು ಕೋಣೆಗೆ ಬರುವಷ್ಟರಲ್ಲಿ ಸಂಜೆಯಾಗುತ್ತದೆ, ಈಜುಡುಗೆ, ಮಾತ್ರೆ ಕೈಚೀಲದಲ್ಲೇ ಇರಲಿ. ಕೋಣೆ ಹಡಗಿನ ನಟ್ಟನಡುವೆ, ಕೆಳಗಿನ ಅಂತಸ್ತಿನಲ್ಲಿರಲಿ. ಮೂತಿಯ ಕಡೆ ಸಿಕ್ಕಿದರೆ ನೀನು ಕೆಳಗೆ ಹೋದಾಗ ತಿಂದದ್ದು ಮೇಲೆ ಬರುತ್ತದೆ. ಕೋಣೆಯ ಗೋಡೆಯೆಲ್ಲ ಕಬ್ಬಿಣ. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತದ ಕೊಕ್ಕೆ ತಂದರೆ ಟೋಪಿ ನೇತುಹಾಕಬಹುದು. ಹೊಟ್ಟೆ ತೊಳಸಿದರೆ ಹಸಿರು ಸೇಬು, ಶುಂಠಿ ಬಿಸ್ಕತ್ತು. ಲೊರೇನ್ ಎಲ್ಲದಕ್ಕೂ "ಸರಿ ಕೆಲ್, ಸರಿ ಕೆಲ್" ಎನ್ನುತ್ತಿದ್ದಳು. ಫೋನನ್ನು ಮೇಜಿನ ಮೇಲಿಟ್ಟು ಪಾತ್ರೆ ತೊಳೆಯುತ್ತ ನಡುನಡುವೆ ಹಾಗೆನ್ನುತ್ತಿದ್ದಳೆಂದು ಆಮೇಲೆ ತಿಳಿಯಿತು.

ಬ್ರಿಸ್ಬೇನ್ ಬಿಟ್ಟ ಮರುದಿನ, ಸುತ್ತ ಬರೀ ನೀರಿರುವಾಗ, ಹಡಗಿನ ಕಾಫಿ ಅಂಗಡಿಯಲ್ಲಿ ನನ್ನ ಸುತ್ತ ಹೊಸಬರ ಒಂದು ಗುಂಪು ತಾನಾಗಿಯೇ ಸೇರಿತು. (ನಾನು ಕೊಂಚ ಗಟ್ಟಿಯಾಗಿ ಮಾತಾಡುತ್ತಿದ್ದುದು ನಿಜ.) ನೋಲೀನ್ ಪಕ್ಕದಲ್ಲಿ ಹೆಣಿಗೆ ಹಾಕುತ್ತ ಕೂತಿದ್ದಳು.

"ಎಲ್ಲಕ್ಕಿಂತ ಮುಖ್ಯವಾದ ಮಾತು," ಎಂದು ನಾನು ಬಟ್ಟಲು ಕೆಳಗಿಟ್ಟೆ. "ಹಡಗು ನಮ್ಮಪ್ಪನ ಮನೆ ಗಾಡಿಯಲ್ಲ. ಹೊರಡೋ ಹೊತ್ತಿಗೆ ಹೊರಟೇ ಹೊರಡುತ್ತೆ. ದಡದಲ್ಲಿ ನಿಂತು ಅತ್ತರೆ ಸಮುದ್ರದ ನೀರು ಇನ್ನಷ್ಟು ಉಪ್ಪಾಗುತ್ತೆ, ಅಷ್ಟೇ. ಪ್ರತಿ ಊರಲ್ಲೂ ಕೊನೇ ಗಳಿಗೇಲಿ ಓಡಿ ಬರೋ ಒಬ್ಬ ಮಂಕು ಇದ್ದೇ ಇರ್ತಾನೆ. ನಾವು ಮೇಲಿನ ಅಂತಸ್ತಿನಲ್ಲಿ ನಿಂತು ಅವನಿಗೆ ಚಪ್ಪಾಳೆ ತಟ್ಟೋದು. ಆ ಮಂಕು ನೀವಾಗಬಾರದು."

"ಕೆಲ್," ಎಂದಳು ನೋಲೀನ್ ಹೆಣಿಗೆಯಿಂದ ತಲೆಯೆತ್ತದೆ, "ಪಾಪ ಅವರು ಕೇಳಿದ್ದು ಟಾಯ್ಲೆಟ್ ಯಾವ ಕಡೆ ಅಂತ."

ಪೋರ್ಟ್ ವಿಲಾ ಎಂಬ ದ್ವೀಪದ ಬಂದರು ಸೇರಿದ ದಿನ ಬಿಸಿಲು ಚೆನ್ನಾಗಿತ್ತು. ಅಕ್ಕತಂಗಿಯರಿಬ್ಬರೂ ಬುಟ್ಟಿ, ಟೋಪಿ, ಚಿಪ್ಪಿನ ಸರ ಎಂದು ಮಾರ್ಕೆಟ್ಟಿನ ಕಡೆ ಹೊರಟರು. ಅಂಗಡಿ ಸುತ್ತುವುದೆಂದರೆ ನನಗೆ ಮೊಣಕಾಲು ನೋವು ಬರುತ್ತದೆ. ನಾನು ಬಂದರಿನ ಹತ್ತಿರವೇ ಒಂದು ಸುತ್ತು ಹಾಕಿ, ನನ್ನ ಶಾಸ್ತ್ರದ ಪ್ರಕಾರ ಎಲ್ಲರಿಗಿಂತ ಮೊದಲೇ ಹಡಗು ಹತ್ತಿ, ಈಜುಕೊಳದ ಪಕ್ಕದ ಕುರ್ಚಿಯಲ್ಲಿ ಒರಗಿದೆ. ಜನವಿಲ್ಲದ ಕೊಳ, ತಂಗಾಳಿ. ಅನುಭವಿಗಳಿಗೆ ಮಾತ್ರ ದಕ್ಕುವ ಸುಖ. ಹಾಗೇ ಜೊಂಪು ಹತ್ತಿತು.

ಎಚ್ಚರವಾದಾಗ ಹೊರಟವರೆಲ್ಲ ಹಿಂದಿರುಗಿ ಕೊಳ ಗಿಜಿಗುಡುತ್ತಿತ್ತು. ಕೋಣೆಗೆ ಹೋದೆ. ನೋಲೀನ್ ಇಲ್ಲ. ಬುಫೆಯಲ್ಲಿ ಇಲ್ಲ. ಕಾಫಿ ಅಂಗಡಿಯಲ್ಲಿ ಇಲ್ಲ. ಹೌಸೀ ಆಡುವ ಹಾಲಿನಲ್ಲಿ ಇಲ್ಲ. ಬಂದರಿನಿಂದ ಎಲ್ಲರೂ ಬಂದರು, ನೋಲೀನ್ ಮಾತ್ರ ಬರಲಿಲ್ಲ. ಲೊರೇನ್ ಹಿಂಬದಿಯ ಬಾರಿನಲ್ಲಿ, ಗ್ಲಾಸಿನ ಅಂಚಿಗೆ ಅನಾನಸ್ ಸಿಕ್ಕಿಸಿಕೊಂಡು ಹಾಯಾಗಿ ಕೂತಿದ್ದಳು.

"ಎಲ್ಲೇ ನಿನ್ನ ಅಕ್ಕ?"

"ಮಾರ್ಕೆಟ್ಟಲ್ಲಿ ಬೇರೆಯಾದ್ವಿ. ಇನ್ನೊಂದು ಬುಟ್ಟಿ ನೋಡ್ಕೊಂಡು ಬರ್ತೀನಿ, ನೀನು ಹೋಗು ಅಂದ್ಲು. ಯಾಕೆ, ಇನ್ನೂ ಬಂದಿಲ್ವಾ?"

"ಬಂದಿದ್ರೆ ನಿನ್ನನ್ನ ಯಾಕೆ ಕೇಳ್ತಿದ್ದೆ!"

"ನನ್ನ ಮೇಲೆ ಯಾಕೋ ರೇಗ್ತೀಯ? ನೋಲೀನ್ ಏನು ಮಗುನಾ? ಇಲ್ಲೇ ಎಲ್ಲೋ ಇರ್ತಾಳೆ."

ಇರಬಹುದು. ಆದರೆ ಹೋದ ಚಳಿಗಾಲದಲ್ಲಿ ನೋಲೀನ್ ಒಮ್ಮೆ ಅಡುಗೆಮನೆಯಲ್ಲಿ ತಲೆಸುತ್ತಿ ಬಿದ್ದಿದ್ದಳು. ಡಾಕ್ಟರು ಏನೂ ಇಲ್ಲ ಎಂದಿದ್ದರು, ಅವಳೂ ಏನೂ ಇಲ್ಲ ಎಂದಿದ್ದಳು, ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಆ ಏನೂ ಇಲ್ಲದ್ದು ದೊಡ್ಡದಾಗಿ ಕಣ್ಣೆದುರು ನಿಂತಿತು. ಆ ಬಿಸಿಲಿನಲ್ಲಿ, ಯಾವುದೋ ಗೆಣಸಿನ ರಾಶಿಯ ಹಿಂದೆ, ಗುರುತಿಲ್ಲದವರ ನಡುವೆ ಅವಳು ಬಿದ್ದಿದ್ದರೆ?

ಆ ಕ್ಷಣದಲ್ಲಿ ನನ್ನ ನೌಕಾಜ್ಞಾನವೆಲ್ಲ ಆವಿಯಾಯಿತು. ರಬ್ಬರ್ ಚಪ್ಪಲಿಯಲ್ಲೇ ಮೆಟ್ಟಿಲಿಳಿದು ಬಾಗಿಲಿಗೆ ಓಡಿದೆ. ಅಲ್ಲಿದ್ದ ಕಾವಲಿನವನು, "ಸಾರ್, ಇನ್ನು ಸ್ವಲ್ಪ ಹೊತ್ತಿಗೆ ಬಾಗಿಲು ಹಾಕ್ತೀವಿ, ಈಗ ಇಳಿಯೋದು ಒಳ್ಳೇದಲ್ಲ" ಎಂದ.

"ನನಗೆ ಗೊತ್ತಪ್ಪಾ! ಹಡಗಿನ ವಿಷಯ ನನಗೇ ಹೇಳ್ತೀಯಾ?" ಎಂದು ದಡಕ್ಕೆ ಹಾರಿದೆ.

ಸಿಕ್ಕಿದ ಮಿನಿಬಸ್ಸು ನಾಪಾಟ್ ಎಂಬ ಭಾರೀ ಆಸಾಮಿಯದು. ಮಾರ್ಕೆಟ್ಟಿಗೆ ಎಂದೆ. ಅವನು ನನ್ನ ಮುಖ ನೋಡಿದ, ಹಡಗು ನೋಡಿದ, ಮತ್ತೆ ನನ್ನ ಮುಖ ನೋಡಿದ.

"ಅಜ್ಜಾ, ಎಲ್ಲರೂ ಆ ಕಡೆ ಹೋಗ್ತಿದಾರೆ, ನೀವೊಬ್ಬರೇ ಈ ಕಡೆ ಬರ್ತಿದೀರಲ್ಲ?"

"ಹೆಂಡತಿ ಕಳೆದುಹೋಗಿದಾಳೆ."

"ಓ! ಹಂಗಾದ್ರೆ ನಿಧಾನಕ್ಕೆ ಹೋಗ್ಬೇಕಾ, ಬೇಗ ಹೋಗ್ಬೇಕಾ?"

ನಾನು ನೋಡಿದ ನೋಟಕ್ಕೆ ಅವನು ನಗು ನುಂಗಿ ಬೇಗ ಓಡಿಸಿದ.

ಮಾರ್ಕೆಟ್ಟಿನಲ್ಲಿ ಹೂಹೂವಿನ ನಿಲುವಂಗಿ ತೊಟ್ಟ ಹೆಂಗಸರು ಅಂಗಡಿ ಕಟ್ಟುತ್ತಿದ್ದರು. ಬುಟ್ಟಿ ಮಾರುವವಳ ಮುಂದೆ ನಿಂತು ಏದುಸಿರು ಬಿಡುತ್ತ ನೋಲೀನಳನ್ನು ವರ್ಣಿಸಿದೆ. "ಬಿಳಿ ಕೂದಲು. ಕುಳ್ಳಿ. ದೊಡ್ಡ ಕನ್ನಡಕ. ಸ್ವಲ್ಪ ಸಿಡುಕು."

"ಸಿಡುಕಾ? ಯಾರ ಮೇಲೆ, ಗಂಡನ ಮೇಲಾ?"

"ಹೂಂ."

"ಬೆಳಗ್ಗಿಂದ ಬಂದೋರೆಲ್ಲ ಹಂಗೇ ಇದ್ರಪ್ಪಾ," ಎಂದು ಅವಳು ಪಕ್ಕದವಳನ್ನು ಕೇಳಿದಳು. ಪಕ್ಕದವಳು ಅವಳ ಪಕ್ಕದವಳನ್ನು ಕೇಳಿದಳು. ಕ್ಷಣದಲ್ಲಿ ಇಡೀ ಮಾರ್ಕೆಟ್ಟು ನನ್ನ ಹೆಂಡತಿಯ ಬಗ್ಗೆ ಚರ್ಚಿಸತೊಡಗಿತು. ಕೊನೆಗೆ ತೆಂಗಿನಕಾಯಿ ಮಾರುವ ಒಬ್ಬ ಮುದುಕಿ ದೂರದಿಂದಲೇ ಕೂಗಿದಳು: "ದೊಡ್ಡ ಬುಟ್ಟಿ ತೊಗೊಂಡೋಳಾ? ಬಟ್ಟೆ ತುಂಬೋಕೆ ಆಗುತ್ತೆ ಅಂದೋಳಾ? ಅವಳು ಆವಾಗ್ಲೇ ಹಡಗಿಗೆ ಹೋದ್ಲಲ್ಲ. ಮಧ್ಯಾಹ್ನವೇ!"

ಜೀವ ಬಂತು. ಬಂದ ಮರುಗಳಿಗೆಯೇ ಹಡಗಿನ ಸಿಳ್ಳೆ ಕೇಳಿ ಅದೇ ಜೀವ ಹೋಯಿತು.

ಮತ್ತೆ ನಾಪಾಟನ ಬಸ್ಸು. ಈ ಹೊತ್ತಿಗೆ ಅದರಲ್ಲಿ ಒಬ್ಬ ಅಜ್ಜಿ, ಅವಳ ಕೆಸವಿನ ಗೆಡ್ಡೆಯ ಮೂಟೆ, ಮೂಟೆಯ ಮೇಲೊಂದು ಕೋಳಿ ಸೇರಿಕೊಂಡಿದ್ದವು. "ಅಜ್ಜಿ ಮೊದಲು ಹತ್ತಿದ್ದು, ಅವಳನ್ನ ಮೊದಲು ಬಿಡಬೇಕು. ಇಲ್ಲೇ ಪಕ್ಕ," ಎಂದ ನಾಪಾಟ್. ಪಕ್ಕ ಎಂದರೆ ಗುಡ್ಡದ ಮೇಲೆ. ಅಜ್ಜಿ ಇಳಿದಳು, ಮೂಟೆಯನ್ನು ನಾನೇ ಇಳಿಸಿದೆ. ಕೋಳಿ ಇಳಿಯಲೊಪ್ಪಲಿಲ್ಲ. ಅದನ್ನು ಸೀಟಿನ ಕೆಳಗಿನಿಂದ ಎಳೆದು ತೆಗೆದವನೂ ನಾನೇ. ಗುಡ್ಡದ ಮೇಲಿಂದ ಹಡಗು ಚೆನ್ನಾಗಿ ಕಾಣುತ್ತಿತ್ತು. ಹಗ್ಗ ಬಿಚ್ಚಲು ಜನ ಸಜ್ಜಾಗಿ ನಿಂತಿದ್ದೂ ಅಷ್ಟೇ ಚೆನ್ನಾಗಿ ಕಾಣುತ್ತಿತ್ತು.

ಬಂದರಿನ ಗೇಟಿನಿಂದ ಹಡಗಿನವರೆಗೆ ನಾನು ಓಡಿದ ಓಟ, ಅದನ್ನು ಓಟ ಎಂದು ಕರೆಯುವುದಾದರೆ, ಆ ಹಡಗಿನ ಪ್ರಯಾಣಿಕರಲ್ಲಿ ಯಾರೂ ಮರೆಯುವಂಥದ್ದಲ್ಲ. ಎಡಗಾಲಿನ ಚಪ್ಪಲಿ ದಾರಿಯಲ್ಲೇ ಉಳಿಯಿತು. ತಲೆಯಲ್ಲಿ ಕೋಳಿಯ ಪುಕ್ಕ. ಹಡಗಿನ ಅಂತಸ್ತು ಅಂತಸ್ತಿನ ಕಂಬಿಯ ಉದ್ದಕ್ಕೂ ಜನ ಸಾಲುಗಟ್ಟಿ, ಫೋನು ಎತ್ತಿ ಹಿಡಿದು, ಕೂಗುತ್ತಿದ್ದರು. ಎದುರಿಗೇ ನಿಂತವರು ಕಾಫಿ ಅಂಗಡಿಯ ನನ್ನ ಶಿಷ್ಯವೃಂದ!

ಅಷ್ಟರಲ್ಲಿ ಆ ಗದ್ದಲದ ನಡುವೆ ಒಂದು ದನಿ ಕೇಳಿಸಿತು. "ಓಡೋ ಕೆಲ್! ಓಡು!" ತಲೆಯೆತ್ತಿದೆ. ಮೇಲಿನ ಅಂತಸ್ತಿನಲ್ಲಿ, ಕನ್ನಡಕ ಮೂಗಿನ ತುದಿಗೆ ಜಾರಿ, ನನ್ನ ಬಿಳಿ ಅಂಗಿಯೊಂದನ್ನು ಬಾವುಟದಂತೆ ಬೀಸುತ್ತ ನೋಲೀನ್ ನಿಂತಿದ್ದಳು.

ನನ್ನ ಕಾಲುಗಳು ಅಲ್ಲೇ ನಿಂತುಬಿಟ್ಟವು. ಇದ್ದಾಳೆ. ನೆಟ್ಟಗೆ ನಿಂತಿದ್ದಾಳೆ, ಬಾಯಿ ತುಂಬ ಬೈಯುತ್ತಿದ್ದಾಳೆ. ಇನ್ನು ಹಡಗು ಹೋದರೆ ಹೋಗಲಿ ಎನ್ನಿಸಿತು. ಒಂದು ಕಾಲಿನ ಚಪ್ಪಲಿಯಲ್ಲಿ, ಸುಡುವ ಕಾಂಕ್ರೀಟಿನ ಮೇಲೆ ನಿಂತು, ಕಣ್ಣೀರು ಸುರಿಸುತ್ತ ನಾನು ಅವಳಿಗೆ ಕೈ ಬೀಸಿದೆ. ಇಷ್ಟು ದೊಡ್ಡ ಬೊಬ್ಬೆ ಹಡಗೊಂದರಿಂದ ಹೊರಟದ್ದನ್ನು ನಾನು ಕೇಳಿದ್ದೇ ಇಲ್ಲ. "ನಿಲ್ಲಬೇಡ! ಟಾಟಾ ಮಾಡಬೇಡ! ಓಡು ಮಾರಾಯಾ!" ಕೊನೆಗೆ ಕಾವಲಿನವನೇ ಇಳಿದು ಬಂದು ನನ್ನ ರಟ್ಟೆ ಹಿಡಿದು ಒಳಗೆಳೆದುಕೊಂಡ. ಬಾಗಿಲು ಮುಚ್ಚಿತು. ಮೇಲಿನಿಂದ ಚಪ್ಪಾಳೆ ಮಳೆಯಂತೆ ಸುರಿಯಿತು.

"ಸಾರ್," ಎಂದ ಅವನು, ನನ್ನ ತಲೆಯ ಪುಕ್ಕವನ್ನು ಮೆಲ್ಲಗೆ ತೆಗೆಯುತ್ತ, "ನಿಮ್ಮ ಮೇಡಂ ಆವಾಗ್ಲೇ ಹತ್ತಿದ್ದರು. ಹತ್ತುವಾಗ ಕಾರ್ಡು ತೋರಿಸ್ತಾರಲ್ಲ, ನಮಗಿಲ್ಲಿ ಕಾಣುತ್ತೆ. ಇಳಿಯೋ ಮೊದಲು ಒಂದು ಮಾತು ಕೇಳಿದ್ದಿದ್ರೆ ಹೇಳ್ತಿದ್ದೆ."

ಈ ಸಂಗತಿ ನನಗೆ ಗೊತ್ತಿತ್ತು. ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದೆ ಕೂಡ.

ಮೆಟ್ಟಿಲ ತುದಿಯಲ್ಲಿ ನೋಲೀನ್ ಕಾದಿದ್ದಳು, ಹಿಂದೆ ಲೊರೇನ್.

"ಎಲ್ಲಿ ಹಾಳಾಗಿ ಹೋಗಿದ್ದೆ ನೀನು?" ಎಂದು ನಾನೇ ಮೊದಲು ಕೂಗಿದೆ.

"ನಾನಾ? ನಾನು ಹಡಗಲ್ಲೇ ಇದ್ದೆ! ನೀನೆಲ್ಲಿ ಹಾಳಾಗಿ ಹೋಗಿದ್ದೆ?"

"ನಿನ್ನನ್ನ ಹುಡುಕೋಕೆ! ಇಡೀ ಹಡಗು ಜಾಲಾಡಿದೆ, ಎಲ್ಲೂ ಇರಲಿಲ್ಲ!"

"ಬಟ್ಟೆ ಒಗೆಯೋ ಕೋಣೇಲಿದ್ದೆ ಕಣೋ. ಇವತ್ತು ಸಂಜೆ ಸೂಟು ಹಾಕ್ಕೊಂಡು ಊಟಕ್ಕೆ ಹೋಗಬೇಕು, ನಿನ್ನ ಬಿಳಿ ಅಂಗಿ ಮೇಲೆ ಗ್ರೇವಿ. ಮೆಷಿನ್ ಖಾಲಿ ಇರಲಿಲ್ಲ, ಕಾದು ಕೂತಿದ್ದೆ."

"ಬಟ್ಟೆ ಒಗೆಯೋ ಕೋಣೆನಾ?" ಎಂದೆ. "ಹಡಗಲ್ಲಿ ಅಂಥದ್ದೊಂದು ಇದೆಯಾ?"

ಲೊರೇನ್ ಗೋಡೆಯ ಕಡೆ ತಿರುಗಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ನೋಲೀನ್ ಜಾರಿದ ಕನ್ನಡಕವನ್ನು ಮೇಲೇರಿಸಿದಳು.

"ಇಷ್ಟು ವರ್ಷ ನಿನ್ನ ಅಂಗಿ ಯಾರು ಒಗೀತಿದ್ರು ಅಂದ್ಕೊಂಡಿದ್ದೆ ಕೆಲ್? ಮೀನುಗಳಾ?"

ಟಿಕೆಟ್ಟಿನ ಜೊತೆಗೇ ಬರುವ ಸೌಲಭ್ಯವೆಂದುಕೊಂಡಿದ್ದೆ ಎಂದು ಹೇಳಹೊರಟೆ. ಅಷ್ಟರಲ್ಲಿ ಅವಳು ಬೈಯುವುದನ್ನು ನಿಲ್ಲಿಸಿ ಅಂಗಿಯಿಂದ ನನ್ನ ಮುಖದ ಬೆವರು ಒರೆಸತೊಡಗಿದ್ದಳು. "ನೀನು ಇಳಿದು ಹೋದೆ ಅಂತ ಲೊರೇನ್ ಹೇಳಿದಾಗ ಅಂಗಿ ಕೈಲಿ ಹಿಡ್ಕೊಂಡೇ ಮೇಲಕ್ಕೆ ಓಡಿ ಬಂದೆ ಕಣೋ," ಎಂದಳು. "ಆ ಬಿಸಿಲು, ನಿನ್ನ ವಯಸ್ಸು. ಸಿಳ್ಳೆ ಬೇರೆ ಹೊಡೀತಿದಾರೆ." ಆಮೇಲೆ ಆ ಅಂಗಿಯನ್ನು ನೋಡಿ, "ನೋಡು, ಮತ್ತೆ ಒಗೀಬೇಕು," ಎಂದಳು. ಆ ಸಂಜೆ ನಾನು ಹೂಹೂವಿನ ಅಂಗಿಯಲ್ಲೇ ಊಟಕ್ಕೆ ಹೋದೆ. ಇಡೀ ಹಾಲು ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೇಜಿನ ಕೆಳಗೆ ನೋಲೀನ್ ಊಟ ಮುಗಿಯುವವರೆಗೂ ನನ್ನ ಕೈ ಬಿಡಲಿಲ್ಲ. ಎಡಗೈಯಲ್ಲಿ ಸೂಪು ಕುಡಿಯುವುದು ಕಷ್ಟ, ಆದರೂ ಅಂಥ ರುಚಿಯಾದ ಸೂಪು ನಾನು ಕುಡಿದಿಲ್ಲ.

ಮರುದಿನ ಮತ್ತೆ ಸುತ್ತ ಬರೀ ನೀರು. ಕಾಫಿ ಅಂಗಡಿಗೆ ಹೋದರೆ ನನ್ನ ಶಿಷ್ಯರೆಲ್ಲ ನೋಲೀನಳ ಸುತ್ತ ಕುರ್ಚಿ ಎಳೆದುಕೊಂಡು ಕೂತಿದ್ದರು. ಯಾವ ಊರಲ್ಲಿ ಯಾವ ಅಂಗಡಿ, ಯಾವ ಮೆಷಿನ್ನಿಗೆ ಎಷ್ಟು ಪುಡಿ, ಗಂಡಂದಿರನ್ನು ಎಲ್ಲಿ ಕೂರಿಸಿದರೆ ಎದ್ದು ಹೋಗುವುದಿಲ್ಲ, ಇವೆಲ್ಲ ಅವಳು ಹೇಳುತ್ತಿದ್ದಳು. ನನ್ನನ್ನು ಕಂಡು ಕೊಳಕು ಬಟ್ಟೆ ತುಂಬಿದ ಆ ದೊಡ್ಡ ಬುಟ್ಟಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು. ನಾನು ಅದನ್ನೆತ್ತಿಕೊಂಡು ಹೊರಟೆ.

ಬಟ್ಟೆ ಒಗೆಯುವ ಕೋಣೆ ನಮ್ಮ ಅಂತಸ್ತಿನಲ್ಲೇ, ನಮ್ಮ ಬಾಗಿಲಿನಿಂದ ಹತ್ತು ಹೆಜ್ಜೆಯಲ್ಲೇ ಇತ್ತು. ಒಳಗೆ ಸೋಪಿನ ವಾಸನೆ, ಹಿತವಾದ ಬಿಸಿ, ಇಸ್ತ್ರಿ ಹಾಕುತ್ತ ಹರಟುತ್ತಿದ್ದ ಹೆಂಗಸರು. ನಾನು ಗಂಭೀರವಾಗಿ ಬಟ್ಟೆ ತುಂಬಿ, ಪುಡಿ ಸುರಿದು, ಗುಂಡಿ ಒತ್ತಿದೆ. ಒಬ್ಬ ದಪ್ಪ ಕನ್ನಡಕದ ಅಜ್ಜಿ ಎದ್ದು ಬಂದು ಮೆಲ್ಲಗೆ ನನ್ನ ತೋಳು ಮುಟ್ಟಿದಳು. "ಅದು ಒಣಗಿಸೋ ಮೆಷಿನ್ನು ಕಣಪ್ಪಾ," ಎಂದಳು. ಪಾಪ, ಅವಳು ಹಿಂದಿನ ದಿನ ಕಂಬಿಯ ಬಳಿ ಇರಲಿಲ್ಲವೆಂದು ಕಾಣುತ್ತದೆ. ನನ್ನ ಮುಖ ನೋಡಿ ಕನಿಕರದಿಂದ ಕೇಳಿದಳು: "ಹಡಗಲ್ಲಿ ಬಂದಿರೋದು ಇದೇ ಮೊದಲ ಸಲನಾ?"

"ಹೌದಮ್ಮಾ," ಎಂದೆ. "ಇದೇ ಮೊದಲು."

"ಹಂಗಾದ್ರೆ ಬಾ, ಕೂತ್ಕೋ," ಎಂದು ಅವಳು ಪಕ್ಕದ ಕುರ್ಚಿಯ ಮೇಲಿದ್ದ ಟವೆಲುಗಳನ್ನು ಸರಿಸಿದಳು. "ನಾನು ಎಲ್ಲಾ ಹೇಳಿಕೊಡ್ತೀನಿ."