ಕ್ಲಚ್ಚಿಗೆ ಕಟ್ಟಿದ ಹಗ್ಗ

ಬೇರೆಯವರಿಗೆ ಗಾಡಿ ಕೆಟ್ಟರೆ ಗಾಡಿ ಮಾತ್ರ ಕೆಡುತ್ತೆ. ನನಗೆ ಹಂಗಲ್ಲ. ಗಾಡಿ ಕೆಟ್ಟರೆ ಮಂಡಿ ಕೆಡುತ್ತೆ, ಹೊಟ್ಟೆ ಕೆಡುತ್ತೆ, ಸಾಯಂಕಾಲ ಮನೇಲಿ ಮಾತೂ ಕೆಡುತ್ತೆ. ಚಳ್ಳಕೆರೆಯಲ್ಲಿ ಅಷ್ಟೊಂದು ಜನ ಡ್ರೈವರುಗಳಿದ್ದಾರೆ, ಇಂಥವೆಲ್ಲ ನನ್ನನ್ನೇ ಹುಡುಕಿಕೊಂಡು ಬರ್ತವೆ. ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಪುಕ್ಕಲ. ಇಪ್ಪತ್ತು ವರ್ಷದಿಂದ ಗುಡ್ಡ ಹತ್ತೋ ಜೀಪು ಓಡಿಸ್ತಿದೀನಿ, ಇಪ್ಪತ್ತು ವರ್ಷದಿಂದಲೂ ಒಂದೊಂದು ಗುಡ್ಡಕ್ಕೂ ಹೆದರ್ತಿದೀನಿ.

೧. ಕಾಲು ಬೇಕೋ, ಜೀಪು ಬೇಕೋ

ನನ್ನ ಜೀಪು ನನ್ನ ಮದುವೆಗಿಂತ ಹಳೇದು. ಕಲ್ಲು, ಮುಳ್ಳು, ಹಳ್ಳ ಏನಿದ್ರೂ ಹತ್ತಿ ಇಳಿಯುತ್ತೆ. ಅದಕ್ಕೇ ದನದ ಆಸ್ಪತ್ರೆಯ ಡಾಕ್ಟರಮ್ಮನನ್ನು ಮೊಳಕಾಲ್ಮೂರು ಕಡೆಯ ಹಟ್ಟಿಗಳಿಗೆ ಕರ್ಕೊಂಡು ಹೋಗೋ ಬಾಡಿಗೆ ನನಗೇ ಸಿಕ್ಕಿದ್ದು. ಹಾರ್ನ್ ಇಲ್ಲ, ಅದರ ಬದಲು ನಾನೇ ತಲೆ ಹೊರಗೆ ಹಾಕಿ "ಹೋಯ್" ಅಂತ ಕೂಗ್ತೀನಿ. ಕೈ ಬ್ರೇಕ್ ಇಲ್ಲ, ಅದರ ಬದಲು ಚಕ್ರಕ್ಕೆ ಕಲ್ಲು ಇಡ್ತೀನಿ. ಆದರೆ ಕ್ಲಚ್ಚಿಗೆ ಬದಲು ಏನು ಮಾಡೋದು? ಶೇಂಗಾ ಮೂಟೆ ಒದ್ದಂಗೆ ಒದ್ದರೇ ಅದು ಕೆಳಗೆ ಹೋಗೋದು.

ಹಿಂಗೆ ಒದ್ದೂ ಒದ್ದೂ ಎಡ ಮಂಡಿ ಊದಿಕೊಂಡಿತು. ಮೂಳೆ ಡಾಕ್ಟರ ಹತ್ರ ಹೋದೆ. ಅವರು ಕೈ ಮುಂದೆ ಚಾಚಿದ್ರು, ನಾನು "ಅಯ್ಯಯ್ಯೋ" ಅಂತ ಕಿರುಚಿದೆ.

"ಇನ್ನೂ ಮುಟ್ಟೇ ಇಲ್ವಲ್ಲೋ ಮಾರಾಯಾ!"

"ಮುಟ್ತೀರಿ ಅಂತ ಗೊತ್ತಾಯ್ತು ಸಾರ್."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕಾಲು ಬೇಕೋ ಜೀಪು ಬೇಕೋ ಯೋಚನೆ ಮಾಡು. ಆ ಪೆಡಲು ಹಗುರ ಮಾಡಿಸ್ಕೋ, ಇಲ್ಲಾಂದ್ರೆ ಗಾಡಿ ಬಿಟ್ಟುಬಿಡು" ಅಂದ್ರು.

ನಾನು ಮನೆ ಮುಟ್ಟೋದ್ರೊಳಗೆ ನನ್ನ ಹೆಂಡ್ತಿ ಅವಳ ತಮ್ಮನಿಗೆ ಫೋನ್ ಮಾಡಿ ಆಗಿತ್ತು. ಅವನದೊಂದು ಎಣ್ಣೆ ಮಿಲ್ಲು ಐತೆ, ಗೇಟ್ ಕಾಯೋಕೆ ಆಳು ಬೇಕಂತೆ. ಈ ಬಾಮೈದ ನನ್ನ ಮದುವೇಲಿ ನನ್ನ ತೊಡೆ ಮೇಲೆ ಕೂತು ಬಾಸಿಂಗ ಕಿತ್ತುಹಾಕಿದ್ದೋನು. ಇನ್ನು ಮೇಲೆ ಅವನ ಕಾರು ಬಂದಾಗಲೆಲ್ಲ ನಾನೆದ್ದು ನಿಂತು ಗೇಟ್ ತೆಗೆದು ಸಲಾಮು ಹೊಡೀಬೇಕಾ? ಗುಡ್ಡದ ಭಯ ಒಂದು ತೂಕ, ಈ ಭಯ ಒಂದು ತೂಕ. 

"ನಾನು ಡ್ರೈವರ್ ಕಣೇ" ಅಂದೆ.

"ಅದಕ್ಕೇ ಹೇಳ್ತಿರೋದು. ಗೇಟಿಗೆ ಕ್ಲಚ್ ಇರಲ್ಲ" ಅಂದಳು.

೨. ಎಡಗಾಲಿನ ಡ್ರೈವರು

ಪೆಡಲು ಹಗುರ ಮಾಡೋ ಸಾಮಾನು ಪಾರ್ಸಲ್‌ನಲ್ಲಿ ಬರೋಕೆ ಹದಿನೈದು ದಿನ ಅಂತ ಗೊತ್ತಾಯ್ತು. ಡಾಕ್ಟರಮ್ಮ ಒಳ್ಳೆಯವರು, ಆದರೆ ಕೆಲಸದ ವಿಷಯಕ್ಕೆ ಬಂದ್ರೆ ಬಿಗಿ. "ನೋಡ್ರಿ, ಹಟ್ಟಿಯಲ್ಲಿ ದನ ಕಟ್ಟಿಹಾಕಿ ಕಾಯ್ತಿರ್ತಾರೆ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಈ ತಿಂಗಳಾದ ಮೇಲೆ ಬೇರೆ ಗಾಡಿ ನೋಡ್ತೀನಿ" ಅಂದ್ರು.

ಆಗ ನನ್ನನ್ನು ಕಾಪಾಡಿದ್ದು ಆಸ್ಪತ್ರೆಯ ಅಟೆಂಡರು. ರಿಟೈರ್ ಆಗೋಕೆ ಎರಡು ವರ್ಷ ಇರೋ ಮನುಷ್ಯ, ಕಾಲು ಮಾತ್ರ ಕೊಕ್ಕರೆಗಿದ್ದಂಗೆ ಉದ್ದ. ನಂಗೂ ಡಾಕ್ಟರಮ್ಮನಿಗೂ ನಡುವೆ ಕೂತು, ಗೇರಿನ ಕೋಲು ದಾಟಿಸಿ ಬಲಗಾಲು ನನ್ನ ಕ್ಲಚ್ಚಿನ ಮೇಲಿಟ್ಟ. ನಾನು "ಒತ್ತು" ಅಂದ್ರೆ ಒತ್ತೋದು, "ಬಿಡು" ಅಂದ್ರೆ ಬಿಡೋದು. ನಾಲ್ಕು ದಿನ ಹಿಂಗೇ ಓಡಾಡಿದ್ವಿ. ತಳಕಿನ ರಸ್ತೇಲಿ ಒಮ್ಮೆ ಅವನು ಕಾಲಿಟ್ಟುಕೊಂಡೇ ನಿದ್ದೆ ಹೋದ. ನಾನು "ಬಿಡು, ಬಿಡು" ಅಂತ ಬಾಯಿ ಬಡ್ಕೊಂಡಿದ್ದಕ್ಕೆ ಪಕ್ಕದಲ್ಲಿ ಹೋಗ್ತಿದ್ದ ಬಸ್ಸಿನೋರು ಜಗಳ ಅಂದ್ಕೊಂಡು ನಿಲ್ಲಿಸಿದ್ರು.

ಐದನೇ ದಿನ ಚಳ್ಳಕೆರೆ ಸರ್ಕಲ್ಲಿನಲ್ಲಿ ಪೊಲೀಸಪ್ಪ ಕೈ ಅಡ್ಡ ಹಾಕಿದ. ಅವನು ಬಗ್ಗಿ ಒಳಗೆ ನೋಡಿದ. ಪೆಡಲುಗಳ ಮೇಲೆ ಎರಡು ಥರದ ಚಪ್ಪಲಿ, ಎರಡು ಬಣ್ಣದ ಪ್ಯಾಂಟು.

"ಈ ಗಾಡಿಗೆ ಡ್ರೈವರ್ ಯಾರ್ರೀ?"

ಅಟೆಂಡರೇ ವಿನಯವಾಗಿ ಉತ್ತರ ಕೊಟ್ಟ: "ಎಡಗಾಲಿಗೆ ನಾನು ಸಾರ್, ಉಳಿದಿದ್ದಕ್ಕೆಲ್ಲ ಇವರು."

೩. ಇನ್ನೆರಡು ಸುತ್ತು

ಪಾರ್ಸಲ್ ಬಂತು. ಬಿಚ್ಚಿದರೆ ಒಂದು ದಪ್ಪ ಸ್ಪ್ರಿಂಗು, ಎರಡು ಕಬ್ಬಿಣದ ಪಟ್ಟಿ, ನಾಲ್ಕು ಬೋಲ್ಟು. ನಮ್ಮ ಮೆಕ್ಯಾನಿಕ್ ಭಾಯ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಬಿಡಿಸಿ ಹೇಳಿದ್ರು. "ಇದನ್ನ ಪೆಡಲ್ ಹಿಂದೆ ಕೂರಿಸೋದು. ನೀನು ಅರ್ಧ ಒತ್ತಿದ್ರೆ ಸಾಕು, ಉಳಿದರ್ಧ ಸ್ಪ್ರಿಂಗೇ ಎಳ್ಕೊಂಡು ಹೋಗ್ತೈತೆ. ಬಿಲ್ಕುಲ್ ಮಖ್ಖನ್, ಬೆಣ್ಣೆ!"

"ಸ್ಪ್ರಿಂಗು ಹಾರಲ್ಲ ತಾನೇ ಭಾಯ್?"

"ಅರೇ ಯಾರ್, ಯಾಕೆ ಹೆದರ್ತೀಯಾ? ನಾನು ಸಾವಿರ ಸ್ಪ್ರಿಂಗ್ ಹಾಕಿದೀನಿ."

"ಮತ್ತೆ ನಿಮ್ಮ ಹಣೆ ಮೇಲಿನ ಗಾಯ ಯಾವುದು?"

ಭಾಯ್ ಹಣೆ ಸವರಿಕೊಂಡು, "ಅದೂ ಸ್ಪ್ರಿಂಗೇ" ಅಂದ್ರು. ನಾನು ಹೋಗಿ ರಸ್ತೆ ಆಚೆ ಚಾ ಅಂಗಡೀಲಿ ಕಂಬದ ಹಿಂದೆ ಕೂತೆ. ಮೂರು ಚಾ ಆದ ಮೇಲೆ ಕರೆದ್ರು.

ಹತ್ತಿ ಕೂತೆ. ಇಪ್ಪತ್ತು ವರ್ಷದ ಅಭ್ಯಾಸ ನೋಡ್ರಿ, ಹಲ್ಲು ಕಚ್ಚಿ ಜಾಡಿಸಿ ಒದ್ದೆ. ಪೆಡಲು ಮಜ್ಜಿಗೆಗೆ ಕಾಲಿಟ್ಟಂಗೆ ಸುಯ್ಯಂತ ಹೋಯ್ತು, ಅದರ ಹಿಂದೆ ಕಾಲು, ಕಾಲಿನ ಹಿಂದೆ ನಾನು. ಸ್ಟೇರಿಂಗ್ ಕೆಳಗೆ ಮುದ್ದೆಯಾಗಿ ಬಿದ್ದಿದ್ದೆ. ಭಾಯ್ ಕಿಟಕಿಯಲ್ಲಿ ಇಣುಕಿ, "ಎಲ್ಲಿ ಹೋದ್ಯೋ?" ಅಂತ ಹುಡುಕಿದ್ರು. ನನಗೆ ಕಣ್ಣಲ್ಲಿ ನೀರು ಬಂತು. ಬಿದ್ದಿದ್ದಕ್ಕಲ್ಲ, ಮಂಡಿ ನೋಯಲಿಲ್ಲ ಅನ್ನೋ ಸಂತೋಷಕ್ಕೆ.

ಆಸೆ ನೋಡ್ರಿ. "ಭಾಯ್, ಇನ್ನೆರಡು ಸುತ್ತು ಬಿಗಿ ಮಾಡಿ. ಇನ್ನೂ ಹಗುರ ಆಗ್ಲಿ" ಅಂದೆ.

"ಬೇಡಪ್ಪಾ. ಜಾಸ್ತಿ ಬಿಗಿಯಾದ್ರೆ ಸ್ಪ್ರಿಂಗು ಪೆಡಲನ್ನ ವಾಪಸ್ಸೇ ಬಿಡಲ್ಲ. ಕೆಳಗೇ ಕೂತ್ಕೊಂಡುಬಿಡ್ತೈತೆ."

"ಕೂತ್ರೆ ಅದು ಕೂರ್ಲಿ ಭಾಯ್. ನಾನಂತೂ ಮಿಲ್ಲಿನ ಗೇಟಲ್ಲಿ ಕೂರಲ್ಲ!"

೪. ಪೆಡಲಿಗೆ ಮೂಗುದಾರ

ಮಾರನೇ ದಿನವೇ ಮೊಳಕಾಲ್ಮೂರು ಕಡೆ ಒಂದು ಹಟ್ಟಿಗೆ ಹೊರಟ್ವಿ. ಅದು ದೇವರ ಎತ್ತುಗಳನ್ನು ಸಾಕೋ ಹಟ್ಟಿ. ಈ ಎತ್ತುಗಳಿಗೆ ನೊಗ ಹಾಕಂಗಿಲ್ಲ, ಹೊಡೆಯಂಗಿಲ್ಲ, ಎದುರಿಗೆ ಚಪ್ಪಲಿ ಮೆಟ್ಟಂಗಿಲ್ಲ. ಅವನ್ನು ನೋಡಿಕೊಳ್ಳೋ ಕಿಲಾರಿ ಅಜ್ಜ ಜನ್ಮದಲ್ಲೇ ಚಪ್ಪಲಿ ಹಾಕಿದೋನಲ್ಲ. ಒಂದು ಎತ್ತಿಗೆ ಜ್ವರ, ಮೂರು ದಿನದಿಂದ ಮೇವು ಮುಟ್ಟಿಲ್ಲ ಅಂತ ಹೇಳಿ ಕಳಿಸಿದ್ದ. ಡಾಕ್ಟರಮ್ಮ ಹತ್ತೋ ಮುಂಚೆಯೇ ಅಂದಿದ್ರು, "ಇವತ್ತೇನಾದ್ರೂ ಮಧ್ಯದಲ್ಲಿ ನಿಂತ್ರೆ ನಾಳೆಯಿಂದ ಬೇರೆ ಗಾಡಿ ಕಣ್ರಿ."

ಗುಡ್ಡದ ಬುಡದಲ್ಲಿ ಒಂದು ನೆಟ್ಟ ಕಲ್ಲು. ಅಲ್ಲಿ ಎಲ್ಲರೂ ಚಪ್ಪಲಿ ಬಿಟ್ವಿ. ಎತ್ತು ಕೂಡಿಹಾಕೋ ಮೇಲಿನ ರೊಪ್ಪದವರೆಗೆ ನಾನು ಬರಿಗಾಲಲ್ಲೇ ಓಡಿಸ್ಬೇಕು. ಹಳೇ ಕ್ಲಚ್ಚಾಗಿದ್ರೆ ಅಂಗಾಲು ಸೀಳಿಹೋಗ್ತಿತ್ತು, ಈಗ ಹೂವು. ಹಾಡು ಗುನುಗ್ತಾ ಏರು ಹತ್ತಿದೆ. ಅರ್ಧ ಏರಿನಲ್ಲಿ ಗೇರ್ ಬದಲಿಸೋಕೆ ಕ್ಲಚ್ ಒತ್ತಿದೆ. ಕಾಲು ತೆಗೆದೆ. ದಾರಿಯುದ್ದಕ್ಕೂ ಸೋಮಾರಿಯಂಗೆ ಮೇಲೆ ಬರ್ತಿದ್ದ ಪೆಡಲು ಈ ಸಲ ಬರಲೇ ಇಲ್ಲ.

ಜೀಪು ನಿಂತಿತು. ಆಮೇಲೆ ನಿಧಾನಕ್ಕೆ ಹಿಂದಕ್ಕೆ ಜಾರೋಕೆ ಶುರುವಾಯ್ತು. ಕನ್ನಡಿಯಲ್ಲಿ ನೋಡ್ತೀನಿ, ನೀರು ಕುಡಿದು ದೇವರ ಎತ್ತುಗಳು ಸಾಲಾಗಿ ನಮ್ಮ ಹಿಂದೇ ಬರ್ತಿದಾವೆ! ಬ್ರೇಕ್ ಮೇಲೆ ಬಲಗಾಲು ಊರಿ ನಿಂತೇಬಿಟ್ಟೆ. ಗಾಡಿ ನಿಂತಿತು. ಆದರೆ ಕಾಲು ತೆಗೆದ್ರೆ ಮತ್ತೆ ಜಾರುತ್ತೆ. ಎತ್ತುಗಳನ್ನು ಎಚ್ಚರಿಸೋಣ ಅಂದ್ರೆ ಹಾರ್ನ್ ಇಲ್ಲ, "ಹೋಯ್" ಅನ್ನೋಣ ಅಂದ್ರೆ ಗಂಟಲಲ್ಲಿ ಉಸಿರೇ ಇಲ್ಲ.

"ಕಲ್ಲು!" ಅಂತ ಹೆಂಗೋ ಕಿರುಚಿದೆ. ಅಟೆಂಡರು ಹಾರಿ ಇಳಿದು ಓಡಿದ, ಓಡಿ ಬಂದ. ಕೈಯಲ್ಲಿ ನಿಂಬೆಹಣ್ಣಿನಷ್ಟು ಕಲ್ಲು.

"ಇಷ್ಟು ದೊಡ್ಡ ಗುಡ್ಡದಲ್ಲಿ ಇಷ್ಟೇ ಸಿಕ್ತೇನೋ ನಿಂಗೆ?"

"ಬೇರೆಯವೆಲ್ಲ ಭಾರ ಅದಾವೆ" ಅಂದ.

ಡಾಕ್ಟರಮ್ಮ ಮಾತ್ರ ಕೂತಲ್ಲೇ ಕೂತು, "ಗಾಬರಿಯಾಗಬೇಡ್ರಿ. ಕಾಲ್ಬೆರಳು ಪೆಡಲಿಗೆ ಸಿಕ್ಕಿಸಿ ಮೇಲಕ್ಕೆ ಎಳೀರಿ" ಅಂದ್ರು. ಬರಿಗಾಲಾಗಿದ್ದಕ್ಕೆ ಬೆರಳು ಸಿಕ್ಕಿತು. ಎಳೆದೆ, ಟಕ್ ಅಂತ ಮೇಲೆ ಬಂತು. ಬಂದ ಖುಷಿಗೆ, ಅಭ್ಯಾಸ ನೋಡ್ರಿ, ಮತ್ತೆ ಒತ್ತಿಬಿಟ್ಟೆ. ಮತ್ತೆ ಕೆಳಗೇ ಕೂತ್ಕೊಂತು.

ಅಷ್ಟರಲ್ಲಿ ಕಿಲಾರಿ ಅಜ್ಜ ಬಂದು ಚಕ್ರಕ್ಕೆ ಒಂದು ಗುಂಡುಕಲ್ಲು ಉರುಳಿಸಿ, ಒಳಗೆ ಬಗ್ಗಿ ನೋಡಿ ತನ್ನ ತೆಲುಗಲ್ಲಿ ಕೇಳಿದ. "ಏಮಾಯೆ ಅಬ್ಬಾಯಾ, ಏನಾಯ್ತಪ್ಪಾ?"

"ಒತ್ತಿದ್ರೆ ಕೆಳಗೇ ಕೂರುತ್ತೆ ಅಜ್ಜಾ, ಮೇಲೆ ಬರಲ್ಲ."

"ಅಂತೇನಾ, ಅಷ್ಟೇನಾ? ಹೋರಿ ತಲೆ ಬಗ್ಗಿಸಿ ಹಟ ಹಿಡಿದ್ರೂ ಹಿಂಗೇ ಮಾಡ್ತೈತೆ" ಅಂದವನೇ ಹೆಗಲ ಮೇಲಿದ್ದ ಹಗ್ಗ ತೆಗೆದು ಪೆಡಲಿಗೆ ಗಂಟು ಹಾಕಿ, ಇನ್ನೊಂದು ತುದಿ ನನ್ನ ಎಡಗೈಗೆ ಕೊಟ್ಟ. ಕಾಲಲ್ಲಿ ಒತ್ತೋದು, ಗೇರ್ ಹಾಕೋದು, ಹಗ್ಗ ಜಗ್ಗೋದು. ಜೀಪು ಸಾಧು ಪ್ರಾಣಿಯಂಗೆ ರೊಪ್ಪಕ್ಕೆ ಹತ್ತಿತು. ಡಾಕ್ಟರಮ್ಮನ ಸೂಜಿ ಬಿದ್ದು ಎರಡು ಗಂಟೆಯಾದ ಮೇಲೆ ಎತ್ತು ಎದ್ದು ಮೇವಿಗೆ ಬಾಯಿ ಹಾಕ್ತು.

ಹೊರಡೋವಾಗ ಹಗ್ಗ ಬಿಚ್ಚಿಕೊಡೋಕೆ ಹೋದೆ. ಅಜ್ಜ ತಡೆದ. "ಇರ್ಲಿ. ಅದು ಸ್ವಾಮಿ ಎತ್ತಿಗೆ ಹಾಕೋ ಹಗ್ಗ. ಎತ್ತು ಉಳಿಸಿದ ಗಾಡಿಗೆ ಕಟ್ಟೀನಿ. ಆದ್ರೆ ನೋಡಪ್ಪಾ, ಅದರ ಮೇಲೆ ಚಪ್ಪಲಿ ಕಾಲು ಇಡಬ್ಯಾಡ."

ಚಳ್ಳಕೆರೆವರೆಗೂ ಬರಿಗಾಲು, ಕೈಯಲ್ಲಿ ಹಗ್ಗ. ಸರ್ಕಲ್ಲಿನಲ್ಲಿ ಅದೇ ಪೊಲೀಸಪ್ಪ ಬಗ್ಗಿ ನೋಡಿದ. "ಅವತ್ತು ಕಾಲು, ಇವತ್ತು ಹಗ್ಗ. ಏನ್ರೀ ಇದು?"

"ದೇವರ ಎತ್ತಿನ ಹಗ್ಗ ಸಾರ್" ಅಂದ ಅಟೆಂಡರು.

ಪೊಲೀಸಪ್ಪ ತನ್ನ ಬೂಟು ನೋಡಿಕೊಂಡ. ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ನಿಂತಿದ್ದ ಲಾರಿ ಬಸ್ಸುಗಳನ್ನೆಲ್ಲ ತಡೆದು ನಮಗೆ ಮೊದಲು ದಾರಿ ಬಿಟ್ಟ.

೫. ಬಾಮೈದನ ಕಾಣಿಕೆ

ಮಾರನೇ ಬೆಳಗ್ಗೆ ಭಾಯ್ ಬಯ್ಯುತ್ತಲೇ ನಾಲ್ಕು ಸುತ್ತು ಸಡಿಲ ಮಾಡಿದ್ರು. ಎರಡು ನನ್ನ ಆಸೆಯವು, ಎರಡು ನನ್ನ ಭಯದವು ಅಂದ್ರು. ಪೆಡಲು ಹಗುರವಾಗಿ ಹೋಗಿ ತಾನೇ ಮೇಲೆ ಬರ್ತಿತ್ತು. ಇನ್ನು ಹಗ್ಗದ ಕೆಲಸ ಇಲ್ಲ.

"ಬಿಚ್ಚಿಬಿಡಿ ಭಾಯ್."

"ನಾನ್ಯಾಕೆ? ಗಾಡಿ ನಿಂದು."

"ಬೋಲ್ಟು ಬಿಚ್ಚೋರು ನೀವಲ್ವಾ?"

"ಬೋಲ್ಟು ಬೇರೆ ಕಣಪ್ಪಾ" ಅಂದ್ರು. ಆಗ ನೋಡಿದೆ, ಭಾಯ್ ಚಪ್ಪಲಿ ಗ್ಯಾರೇಜಿನ ಬಾಗಿಲಲ್ಲೇ ಇತ್ತು.

ಹಗ್ಗ ಉಳಿಯಿತು. ಆದರೆ ನನ್ನ ಭಯ ಹೋಗಲಿಲ್ಲ, ಯಾಕಂದ್ರೆ ಅವತ್ತು ಸಾಯಂಕಾಲವೇ ಬಾಮೈದ ಬರೋನಿದ್ದ. ಡಾಕ್ಟರಮ್ಮ ಗುಡ್ಡ ಇಳಿದ ಮೇಲೆ ಒಂದು ಮಾತೂ ಆಡಿರಲಿಲ್ಲ, ಬೇರೆ ಗಾಡಿ ನೋಡೇ ನೋಡ್ತಾರೆ ಅಂತ ನಾನು ಊಟ ಬಿಟ್ಟು ಕೂತಿದ್ದೆ. ಸರಿಯಾಗಿ ಐದಕ್ಕೆ ಬಾಮೈದ ಕಾರಿಂದ ಇಳಿದ. ಕೈಯಲ್ಲಿ ಹೊಸಾ ಟಾರ್ಚು, ವಾಚ್‌ಮನ್ನುಗಳು ಊದೋ, ಕೊರಳದಾರ ಇರೋ ಹೊಸಾ ಸೀಟಿ.

"ಭಾವ, ಗೇಟ್ ಹತ್ರ ಕುರ್ಚಿ ಹಾಕ್ಸಿದೀನಿ, ಫ್ಯಾನೂ ಐತೆ. ನಾಳೆಯಿಂದಲೇ ಬಂದುಬಿಡು. ಇದಾ, ಆ ಗುಜರಿ ಜೀಪು?" ಅಂತ ಬಾಗಿಲು ತೆಗೆದು ಒಳಗೆ ಕಾಲಿಡೋಕೆ ಹೋದ.

"ಲೇ, ಚಪ್ಪಲಿ!" ಅಂತ ನನ್ನ ಹೆಂಡ್ತಿ ಮನೆಯೊಳಗಿಂದ ಕಿರುಚಿದಳು. ಕ್ಲಚ್ಚಿಗೆ ಬೆಳಗ್ಗೆಯೇ ಅವಳು ಅರಿಶಿನ ಕುಂಕುಮ ಹಚ್ಚಿದ್ದಳು. ಹಗ್ಗ ಯಾವುದು, ಯಾವ ಎತ್ತಿನದು ಅಂತ ತಮ್ಮನಿಗೆ ವಿವರ ಹೇಳಿದಳು. ಹೇಳ್ತಾ ಹೇಳ್ತಾ ಗುಡ್ಡ ಎರಡು ಪಟ್ಟು ಎತ್ತರ ಆಯ್ತು, ನಾನು ನಾಲ್ಕು ಪಟ್ಟು ಧೈರ್ಯಶಾಲಿ ಆದೆ. ಬಾಮೈದನ ಮುಖ ಬಿಳಚಿಕೊಂತು. ಆ ಹಟ್ಟಿಯ ದೇವರಿಗೆ ಅವನೂ ಒಕ್ಕಲು. ಚಪ್ಪಲಿ ರಸ್ತೆಗೆ ಎಸೆದು, ಜೀಪಿನ ಮುಂದೆ ಬರಿಗಾಲಲ್ಲಿ ಕೈ ಮುಗಿದು ನಿಂತ.

ಆ ಹೊತ್ತಿಗೆ ಡಾಕ್ಟರಮ್ಮನ ಫೋನ್ ಬಂತು. ಎತ್ತಿದೆ. "ನಾಳೆ ಏಳಕ್ಕೆ ಬಂದುಬಿಡ್ರಿ. ಬೇರೆ ಗಾಡಿ ಕಳಿಸ್ತೀನಿ ಅಂದ್ರೆ ಹಟ್ಟಿಯವರು ಒಪ್ತಾ ಇಲ್ಲ, ಹಗ್ಗದ ಜೀಪೇ ಬರಬೇಕಂತೆ" ಅಂದ್ರು. ನನಗೆ ಎಷ್ಟು ಸಂತೋಷವಾಯ್ತು ಅಂದ್ರೆ ಫೋನಿಗೇ ನಮಸ್ಕಾರ ಮಾಡಿದೆ.

"ತಪ್ಪಾಯ್ತು ಭಾವ" ಅಂದ ಬಾಮೈದ. "ಇಂಥ ಗಾಡಿ ಓಡಿಸೋನನ್ನ ಗೇಟ್ ಕಾಯೋಕೆ ಕರೆದೆನಲ್ಲ, ನಂಗೇನು ಕೇಡಾಗುತ್ತೋ. ಏನಾದ್ರೂ ಕಾಣಿಕೆ ಇಡ್ಬೇಕು." ಜೇಬು ತಡಕಿದ. ಫೋನಲ್ಲೇ ದುಡ್ಡು ಕಳಿಸೋ ಕಾಲ, ಜೇಬು ಖಾಲಿ. ಕೊನೆಗೆ ಕೈಯಲ್ಲಿದ್ದ ಸೀಟಿಯನ್ನೇ ಕಣ್ಣಿಗೊತ್ತಿಕೊಂಡು ಪೆಡಲಿನ ಮುಂದೆ ಇಟ್ಟು ಹೋದ.

ಜೀಪು ಈಗಲೂ ನಾನೇ ಓಡಿಸ್ತಿದೀನಿ, ಬರಿಗಾಲಲ್ಲೇ. ಬಿಸಿಲಿಗೆ ಕಾದ ಪೆಡಲು ಅಂಗಾಲು ಸುಡುತ್ತೆ, ಆದ್ರೆ ಮಂಡಿ ಗುಂಡುಕಲ್ಲಿನಂಗೆ ಐತೆ. ಗುಡ್ಡದ ಭಯ ಮೊದಲು ಎಷ್ಟಿತ್ತೋ ಈಗಲೂ ಅಷ್ಟೇ. ಆದ್ರೆ ಏರಿನಲ್ಲಿ ಜೀವ ಬಾಯಿಗೆ ಬಂದಾಗ "ಹೋಯ್" ಅಂತ ಕೂಗಿ ಗಂಟಲು ಹರ್ಕೊಳ್ಳಲ್ಲ. ಬಾಮೈದನ ಸೀಟಿ ಊದ್ತೀನಿ.