ಹನ್ನೆರಡು ನಿಮಿಷದ ಪ್ರೊಪೆಲ್ಲರ್

ಎಲ್ಲದಕ್ಕೂ ಕಾರಣ ನೀರಿನಡಿಯ ಒಂದು ಬಂಡೆ. ಗಡಿಯಾರ ರಿಪೇರಿಯವನಿಗೆ ಅದು ಏಳು ವರ್ಷದಿಂದ ಗೊತ್ತು. ಹೆಂಡತಿಯನ್ನು ಕೆರೆಯ ಆಚೆ ದಡಕ್ಕೆ ಬಿಡಲು ದಿನವೂ ಅದನ್ನು ಸುತ್ತಿಕೊಂಡೇ ದೋಣಿ ನಡೆಸುತ್ತಿದ್ದ. ಸೋಮವಾರ ಮಾತ್ರ, "ಇವತ್ತು ನೀರು ಜಾಸ್ತಿ ಇದೆ ಕಣೇ, ಅದರ ಮೇಲಿಂದಲೇ ಹೋಗೋಣ" ಅಂದ. ನೀರು ಜಾಸ್ತಿ ಇದ್ದದ್ದು ನಿಜ. ಬಂಡೆಗೆ ಮಾತ್ರ ಅದು ಗೊತ್ತಿರಲಿಲ್ಲ. ಮೋಟಾರಿನ ಅಲ್ಯೂಮಿನಿಯಂ ಪ್ರೊಪೆಲ್ಲರಿನ ಒಂದು ರೆಕ್ಕೆ ಇಲಿ ಕಚ್ಚಿದ ಬಿಸ್ಕತ್ತಿನಂತಾಯಿತು. ಅಂದಿನಿಂದ ದೋಣಿ ಗಡಗಡ ನಡುಗತೊಡಗಿತು. ಒಳಗೆ ಕೂತ ಹೆಂಡತಿಯೂ ನಡುಗುತ್ತಿದ್ದಳು, ಆದರೆ ಅದು ಸಿಟ್ಟಿಗೆ.

ಹೆಂಡತಿ ಆಚೆ ದಡದ ಶಾಲೆಯ ಹೆಡ್‌ಮಿಸ್. ಹನ್ನೆರಡು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡಿಯತೊಡಗಿದ ಮೇಲೆ ಅವಳು ಐದು ದಿನ ತಾಳಿಕೊಂಡಳು. ಶನಿವಾರ ಬೆಳಿಗ್ಗೆ ಬಾಚಣಿಗೆ ಕೆಳಗಿಟ್ಟು ಹೇಳಿದಳು: "ಇವತ್ತು ನಾಲ್ಕು ಗಂಟೆಗೆ ಸ್ಕೂಲಿಗೆ ಇನ್ಸ್‌ಪೆಕ್ಷನ್ ಇದೆ. ಮೂರೂಮುಕ್ಕಾಲಿಗೆ ನಾನಲ್ಲಿ ಇರಬೇಕು. ಇದ್ರೆ ಸರಿ. ಇಲ್ಲಾಂದ್ರೆ ನಾಳೆಯೇ ಆ ಡಬ್ಬಾನ ಮೀನಿನವನಿಗೆ ಕೊಟ್ಬಿಡ್ತೀನಿ. ಬಸ್ಸಿದೆ ನನಗೆ."

"ಬಸ್ಸು ಕೆರೆ ಸುತ್ತಿ ಬರತ್ತೆ, ಒಂದೂಕಾಲು ಗಂಟೆ."

"ಬರೋದಂತೂ ಬರತ್ತಲ್ಲ."

ಗಡಿಯಾರದವನು ನಕ್ಕ. ಊರಿನವರು ಅವನನ್ನು ಸೆಕೆಂಡ್ ಮುಳ್ಳು ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಅವನು ಒಂದು ಕಡೆ ನಿಂತದ್ದನ್ನು ಯಾರೂ ಕಂಡಿರಲಿಲ್ಲ, ಅವನ ಸದ್ದೂ ನಿಂತದ್ದಿಲ್ಲ. ಹಿಂದಿನ ಸಂಜೆಯಷ್ಟೇ ಪಾರ್ಸೆಲ್ಲಿನಲ್ಲಿ ಹೊಸ ಸ್ಟೇನ್‌ಲೆಸ್ ಸ್ಟೀಲ್ ಪ್ರೊಪೆಲ್ಲರ್ ಬಂದಿತ್ತು. ಅದರಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದಿತ್ತು. ಅವನು ಹೆರೆದೂ ಇದ್ದ.

"ಅಕ್ಕಿಕಾಳಿನಷ್ಟು ಸ್ಕ್ರೂ ಬಿಚ್ಚಿ ಜೋಡಿಸೋ ಕೈ ಇದು. ಪ್ರೊಪೆಲ್ಲರ್ ಯಾವ ಮಹಾ!" ಎಂದು ಕೆರೆಯ ಮೆಟ್ಟಿಲಿಗೆ ಹೊರಟ. ದೋಣಿಯ ಹಿಂಭಾಗವನ್ನು ಮೆಟ್ಟಿಲಿನ ಕಡೆಗೆ ತಿರುಗಿಸಿ ಕಟ್ಟಿ, ಮಂಡಿಯುದ್ದ ನೀರಿನಲ್ಲಿ ನಿಂತು, ಹಿಂಬದಿಗೆ ತಗುಲಿಸಿದ್ದ ಮೋಟಾರನ್ನು ನೀರಿನಿಂದ ಮೇಲಕ್ಕೆ ವಾಲಿಸಿದ.

ಅಷ್ಟರಲ್ಲಿ ಎಡಮನೆಯ ಟೈಲರ್ ಟೇಪು ಕುತ್ತಿಗೆಗೆ ಹಾಕಿಕೊಂಡೇ ಬಂದ. ಬಲಮನೆಯ ಲಾರಿ ತಾತ ಕುರ್ಚಿ ಹೊತ್ತುಕೊಂಡೇ ಬಂದ. ತಾತ ನಲವತ್ತು ವರ್ಷ ಲಾರಿ ಓಡಿಸಿ ನಿವೃತ್ತನಾದವನು, ಸಲಹೆ ಕೊಡುವುದರಿಂದ ಮಾತ್ರ ನಿವೃತ್ತನಾಗಿರಲಿಲ್ಲ.

"ಮೊದಲು ಪ್ಲಗ್ ವೈರ್ ಕೀಳೋ. ಕೈ ಇದ್ದಾಗ ಮೋಟಾರ್ ತಿರುಗಿದ್ರೆ ಬೆರಳು ಲೆಕ್ಕ ಮಾಡೋಕೂ ಬೆರಳು ಉಳಿಯಲ್ಲ."

"ಕಿತ್ತಾಯ್ತು ತಾತ."

"ನ್ಯೂಟ್ರಲ್?"

"ಅದೂ ಆಯ್ತು ತಾತ."

ತಾತನಿಗೆ ನಿರಾಶೆಯಾಯಿತು.

ಗಡಿಯಾರದವನು ಪಿನ್ನು ನೆಟ್ಟಗೆ ಮಾಡಿ ಎಳೆದು, ನಟ್ಟು ಬಿಚ್ಚಿ, ಹಳೆಯ ಪ್ರೊಪೆಲ್ಲರನ್ನು ಹೊರತೆಗೆದ. ಒಂದೊಂದೇ ಬಿಡಿಭಾಗವನ್ನು ಟೈಲರನ ಕೈಗೆ ಕೊಡುತ್ತಾ ಹೋದ. ಶಾಫ್ಟಿನ ಹಲ್ಲುಗಳಿಗೆ ಧಾರಾಳವಾಗಿ ಗ್ರೀಸ್ ಬಳಿದು, ಹೊಸದನ್ನು ಸರಕ್ಕನೆ ತೂರಿಸಿ, ರೆಕ್ಕೆ ತಿರುಗದಂತೆ ಮರದ ತುಂಡು ಒತ್ತಿಟ್ಟು ನಟ್ಟು ಬಿಗಿದ. ಪಿನ್ನು ಮಡಚಿದ. ಎದ್ದು ನಿಂತು ಸೊಂಟ ನೇರ ಮಾಡಿಕೊಂಡ.

"ಇದೊಂದು ಮಿಕ್ತು," ಎಂದು ಟೈಲರ್ ಜೇಬಿನಿಂದ ದಪ್ಪನೆಯ ಹಿತ್ತಾಳೆ ವಾಷರ್ ತೆಗೆದ.

"ಅಯ್ಯೋ ಪುಣ್ಯಾತ್ಮ! ಅದು ಎಲ್ಲಕ್ಕಿಂತ ಮೊದಲು ಹಾಕಬೇಕಾದ್ದು!"

"ನಮ್ಮ ಕಸುಬಿನಲ್ಲಿ ಒಂದು ಗುಂಡಿ ಮಿಕ್ಕರೆ ಯಾರೂ ಇಷ್ಟು ಕಿರುಚಲ್ಲಪ್ಪ."

ಎಲ್ಲ ಬಿಚ್ಚಿ ಮತ್ತೆ ಜೋಡಿಸಿದ್ದಾಯಿತು. ಪ್ಲಗ್ ವೈರ್ ಸಿಕ್ಕಿಸಿ, ಕೋಲಿನಿಂದ ದೋಣಿಯನ್ನು ಆಳದ ನೀರಿಗೆ ತಳ್ಳಿಕೊಂಡು ಹೋಗಿ, ಮೋಟಾರನ್ನು ಇಳಿಸಿ ಸ್ಟಾರ್ಟ್ ಮಾಡಿದ. ಮೋಟಾರ್ ಬೆಕ್ಕಿನಂತೆ ಗುರುಗುಟ್ಟಿತು. ನಡುಕದ ಸುಳಿವೇ ಇಲ್ಲ. ದಡದವರಿಗೆ ಕೈ ಬೀಸಿ, ಲಿವರನ್ನು ಠೀವಿಯಿಂದ ಮುಂದಕ್ಕೆ ದೂಡಿದ.

ದೋಣಿ ಅಷ್ಟೇ ಠೀವಿಯಿಂದ ಹಿಂದಕ್ಕೆ ಹೊರಟಿತು.

ದಡದಲ್ಲಿ ಗಾಳ ಹಾಕಿಕೊಂಡು ಕೂತಿದ್ದ ನಾಲ್ಕು ಜನ ಗಾಳಗಳನ್ನು ಎತ್ತಿಕೊಂಡು ಎದ್ದು ನಿಂತರು. ಅವರ ಮುಂದೆ ಸೆಕೆಂಡ್ ಮುಳ್ಳು ಆಚೆ ದಡದ ಕಡೆಗೆ ಮುಖ ಮಾಡಿಕೊಂಡು, ಈಚೆ ದಡದ ಕಡೆಗೆ ಸಾಗಿ ಹೋದ. ನಗುತ್ತಿದ್ದ ಮುಖವನ್ನು ಹಾಗೇ ಇಟ್ಟುಕೊಂಡಿದ್ದ, ಬೇಕೆಂದೇ ಹೀಗೆ ಬಂದೆ ಎನ್ನುವ ಹಾಗೆ. ಜೊಂಡಿನೊಳಗೆ ದೋಣಿ ಹೂತು ನಿಂತಿತು.

"ಗೇರ್ ಕೇಬಲ್ ಉಲ್ಟಾ ಆಗಿದೆ!" ತಾತ ಕುರ್ಚಿಯಿಂದಲೇ ಕೂಗಿದ. ಬೆಳಿಗ್ಗೆಯಿಂದ ಇದಕ್ಕಾಗಿಯೇ ಕಾದಿದ್ದ. "ನನ್ನ ಲಾರೀಗೂ ಹೀಗೇ ಆಗಿತ್ತು!"

"ನಿನ್ನೆವರೆಗೂ ಸರಿಯಾಗಿತ್ತಲ್ಲ ತಾತ."

"ಸೋಮವಾರ ಬಂಡೆಗೆ ಹೊಡೆದವನು ಯಾರಪ್ಪ, ನಾನಾ?"

ತಾತ ಪ್ಯಾಂಟು ಮಡಚಿ ದೋಣಿ ಹತ್ತಿ, ಲಿವರಿನ ಡಬ್ಬಿ ಬಿಚ್ಚಿ, ಕೇಬಲ್ಲಿನ ತುದಿಯನ್ನು ಮೇಲಿನ ತೂತಿನಿಂದ ಕೆಳಗಿನ ತೂತಿಗೆ ಬದಲಾಯಿಸಿದ. ಈಗ ಲಿವರ್ ಮುಂದೆ ದೂಡಿದರೆ ಮೋಟಾರಿಗೆ ರಿವರ್ಸ್ ಗೇರು, ಹಿಂದೆ ಎಳೆದರೆ ಮುಂದಿನ ಗೇರು.

ಮತ್ತೆ ಆಳದ ನೀರು, ಮತ್ತೆ ಲಿವರ್. ಈ ಸಲ ದೋಣಿ ಕವಣೆಯಿಂದ ಬಿಟ್ಟ ಕಲ್ಲಿನಂತೆ ಮುಂದಕ್ಕೆ ಚಿಮ್ಮಿತು! ಮೀಟರಿನ ಮುಳ್ಳು ಐದೂವರೆ ಸಾವಿರ ಸುತ್ತಿನ ಗೆರೆಗೆ ಮುತ್ತಿಟ್ಟಿತು. ಅವನು ಆಚೆ ದಡ ಮುಟ್ಟಿ ಗಡಿಯಾರ ನೋಡಿಕೊಂಡ. ಹನ್ನೊಂದು ನಿಮಿಷ, ನಲವತ್ತು ಸೆಕೆಂಡ್. ವಾಪಸು ಬರುವಾಗ ಯಾರೂ ಇಲ್ಲದ ಕೆರೆಯಲ್ಲಿ ಜೋರಾಗಿ ಹಾಡಿದ.

ದೋಣಿಯನ್ನು ಮತ್ತೆ ಹಿಂಭಾಗ ಮೆಟ್ಟಿಲಿನತ್ತ ಮಾಡಿ ಕಟ್ಟಿ, ಸ್ನಾನಕ್ಕೆಂದು ಮನೆಗೆ ಹೋದ. ಹೆಂಡತಿಗೆ ಸಮಯ ಹೇಳಿದ. ಅವಳು, "ನೋಡೋಣ" ಎಂದಳು. ಏಳು ವರ್ಷದಲ್ಲಿ ಅವಳು ದೋಣಿಯ ಬಗ್ಗೆ ಆಡಿದ ಅತ್ಯಂತ ಮೃದುವಾದ ಮಾತು ಅದು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡ.

ಮೂರೂಕಾಲಿಗೆ ಗಂಡ ಹೆಂಡತಿ ಮೆಟ್ಟಿಲಿಳಿದು ಬಂದಾಗ ಟೈಲರ್, ತಾತ, ಗಾಳದವರು ಎಲ್ಲ ಅಲ್ಲೇ ಇದ್ದರು. ಹೆಗಲಿಗೆ ಚೀಲ ಹಾಕಿಕೊಂಡ ಅಪರಿಚಿತನೊಬ್ಬನೂ ನಿಂತಿದ್ದ. ಟೈಲರನ ಕೈಯೆಲ್ಲ ಗ್ರೀಸು, ಮುಖವೆಲ್ಲ ನಗು.

"ಮುಳ್ಳಣ್ಣಾ, ಒಂದು ಸಂತೋಷದ ವಿಷ್ಯ..."

"ಬಂದ ಮೇಲೆ ಹೇಳು!"

"ಅಲ್ಲ, ಈಗಲೇ ಹೇಳಬೇಕು, ಅದೇನಾಯ್ತಂದ್ರೆ..."

"ನಿನ್ನ ಮಾತು ಮುಗಿಯೋ ಹೊತ್ತಿಗೆ ನಾನು ಆಚೆ ದಡದಲ್ಲಿರ್ತೀನಿ ಕಣಯ್ಯ!" ಎಲ್ಲರೂ ನಕ್ಕರು. ಹೆಂಡತಿ ಕೂಡ ತುಟಿ ಅರಳಿಸಿದಳು. ಅಷ್ಟು ಸಾಕಾಯಿತು ಅವನಿಗೆ. ಆಳದ ನೀರಿಗೆ ತಳ್ಳಿಕೊಂಡು ಹೋಗುವ ತಾಳ್ಮೆ ಎಲ್ಲಿಂದ ಬರಬೇಕು? ಹಗ್ಗ ಬಿಚ್ಚಿ, ಸ್ಟಾರ್ಟ್ ಮಾಡಿ, ಫೈಲುಗಳನ್ನು ಎದೆಗವಚಿ ಕೂತ ಹೆಂಡತಿಯತ್ತ ತಿರುಗಿ, "ಗಟ್ಟಿಯಾಗಿ ಹಿಡ್ಕೋ" ಎಂದು ಲಿವರನ್ನು ಪೂರ್ತಿ ಮುಂದಕ್ಕೆ ದೂಡಿದ.

ಧಡ್!

ದೋಣಿ ಒಂದು ಮಾರು ಹಿಂದಕ್ಕೆ ಹಾರಿ ಕಲ್ಲಿನ ಮೆಟ್ಟಿಲಿಗೆ ಬಡಿಯಿತು. ಮೋಟಾರಿನ ಹೊಟ್ಟೆಯಲ್ಲಿ ಕಬ್ಬಿಣ ಕಬ್ಬಿಣವನ್ನು ಅಗಿದ ಸದ್ದಾಯಿತು. ಆಮೇಲೆ ಏನೂ ಸದ್ದಿಲ್ಲ. ಹೆಂಡತಿ ಕೂತಲ್ಲೇ ಕೂತಿದ್ದಳು, ಫೈಲುಗಳು ನೀರಿನ ಮೇಲೆ ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು.

"ಅದನ್ನೇ ಹೇಳೋಕೆ ಬಂದೆ," ಟೈಲರ್ ಮೆಲ್ಲಗೆ ಅಂದ. "ಇವರು ಪ್ರೊಪೆಲ್ಲರ್ ಅಂಗಡಿಯವರು. ನಿನಗೆ ಕಳಿಸಿದ್ದು ಎಡಕ್ಕೆ ತಿರುಗೋದಂತೆ. ಜೋಡಿ ಮೋಟಾರಿನ ದೋಣಿಗೆ ಹಾಕೋದು, ಒಂಟಿ ಮೋಟಾರಿಗೆ ಹಾಕಿದ್ರೆ ಹಿಂದಕ್ಕೆ ಎಳೆಯತ್ತಂತೆ. ಪಾಪ, ತಪ್ಪಾಯ್ತು ಅಂತ ಸರಿಯಾದ್ದು ಹಿಡ್ಕೊಂಡು ಅಷ್ಟು ದೂರದಿಂದ ಓಡಿ ಬಂದರು. ನೀನು ಸ್ನಾನಕ್ಕೆ ಹೋಗಿದ್ದೆ. ನಿನಗ್ಯಾಕೆ ತೊಂದರೆ ಅಂತ ನಾವೇ ಬದಲಾಯಿಸಿ ಹಾಕಿದ್ವಿ." ಹೆಮ್ಮೆಯಿಂದ ಸೇರಿಸಿದ: "ಈ ಸಲ ವಾಷರ್ ಮೊದಲೇ ಹಾಕಿದ್ದೀನಿ."

ಸೆಕೆಂಡ್ ಮುಳ್ಳು ಮೊದಲ ಸಲ ನಿಂತುಹೋದ.

"ತಾತ, ಕೇಬಲ್ಲು?" ಎಂದು ಕೊನೆಗೆ ಕೇಳಿದ.

ತಾತ ಕುರ್ಚಿ ಎತ್ತಿಕೊಂಡು ಆಗಲೇ ಅರ್ಧ ಮೆಟ್ಟಿಲು ಹತ್ತಿದ್ದ. "ಈ ಸಲ ಕೇಬಲ್ ನಾನು ಮುಟ್ಟಿಲ್ಲಪ್ಪ!" ಅಂದ. ಸರಿಯಾದ ಪ್ರೊಪೆಲ್ಲರ್ ಹಾಕಿದ ಮೇಲೆ ಅದನ್ನು ಮುಟ್ಟಿ ಮೇಲಿನ ತೂತಿಗೆ ಮರಳಿಸಬೇಕಿತ್ತು ಎನ್ನುವುದೇ ಅಲ್ಲಿನ ಸಮಸ್ಯೆ.

ಅಂಗಡಿಯವನು ನೀರಿಗಿಳಿದು ಮೋಟಾರಿನ ಕೆಳಗೆ ಕೈಯಾಡಿಸಿದ. ಗೇರ್ ಡಬ್ಬಿ ಸೀಳಿಹೋಗಿತ್ತು, ಶಾಫ್ಟು ಬಾಗಿತ್ತು. ಅವನು ನಟ್ಟು ಬಿಚ್ಚಿ ಪ್ರೊಪೆಲ್ಲರನ್ನು ಹೊರತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಬಿಸಿಲಿಗೆ ಹಿಡಿದ.

"ನೋಡಿ ಸಾರ್, ನಮ್ಮ ಸ್ಟೀಲು! ಒಂದು ಗೀರಿಲ್ಲ! ಅಲ್ಯೂಮಿನಿಯಂ ಆಗಿದ್ರೆ ಮುರಿದೇ ಹೋಗ್ತಿತ್ತು."

"ಮತ್ತೆ ಮೋಟಾರು?"

"ಅಲ್ಯೂಮಿನಿಯಂ ಆಗಿದ್ರೆ ಮೋಟಾರು ಉಳೀತಿತ್ತು," ಎಂದು ಅವನು ಪ್ರಾಮಾಣಿಕವಾಗಿ ಒಪ್ಪಿಕೊಂಡ.

ಹೆಂಡತಿ ಮೆಟ್ಟಿಲು ಹತ್ತಿ ಬಸ್ ನಿಲ್ದಾಣದ ಕಡೆಗೆ ನಡೆದಿದ್ದಳು. ಗಡಿಯಾರದವನು ಒದ್ದೆ ಫೈಲುಗಳನ್ನು ಒಂದು ಕಂಕುಳಲ್ಲಿ, ಪ್ರೊಪೆಲ್ಲರನ್ನು ಇನ್ನೊಂದು ಕಂಕುಳಲ್ಲಿ ಅವುಚಿಕೊಂಡು ಹಿಂದೆ ಓಡಿದ. ಬಸ್ಸಿನಲ್ಲಿ ಹೆಂಡತಿ ಕಿಟಕಿಯಾಚೆ ನೋಡುತ್ತಾ ಕೂತಳು. ಕಂಡಕ್ಟರ್ ಬಂದು, ಅವನ ತೊಡೆಯ ಮೇಲೆ ಹೊಳೆಯುತ್ತಿದ್ದ ಮೂರು ರೆಕ್ಕೆಗಳನ್ನು ತುಂಬ ಹೊತ್ತು ನೋಡಿ, ಎರಡು ಪೂರ್ತಿ ಟಿಕೆಟ್ಟಿನ ಜೊತೆಗೆ ಒಂದು ಅರ್ಧ ಟಿಕೆಟ್ಟನ್ನೂ ಹರಿದುಕೊಟ್ಟ.