ಬೇವಿಗೊಂದು ಕ, ಹುಣಸೆಗೊಂದು ಉ

ನಮ್ಮ ಯಜಮಾನರಿಗೆ ಮಾತಾಡುವುದರಲ್ಲಿ ಇರುವ ಪಾಂಡಿತ್ಯಕ್ಕಿಂತ ಮಾತು ಬಿಡುವುದರಲ್ಲಿ ಇರುವ ಪಾಂಡಿತ್ಯ ದೊಡ್ಡದು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ಶಂಕರಲಿಂಗಪ್ಪನವರು ನಿವೃತ್ತಿಯಾದ ಮೇಲೆ ಮಧುಗಿರಿಯ ಈ ಮನೆಯಲ್ಲಿ ನನ್ನೊಬ್ಬಳನ್ನೇ ವಿದ್ಯಾರ್ಥಿನಿಯಾಗಿ ಇಟ್ಟುಕೊಂಡಿದ್ದಾರೆ. ಪಾಠ ನನಗೆ ಒಪ್ಪಿಗೆಯಾಗದಿದ್ದರೆ ಮಾತು ಬಿಡುತ್ತಾರೆ. ಈ ಸಲ ಒಟ್ಟು ಹನ್ನೊಂದು ದಿನ ಬಿಟ್ಟರು. ಆ ಹನ್ನೊಂದು ದಿನದಲ್ಲಿ ಆದ ಅನಾಹುತವನ್ನು ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ. ನಮ್ಮ ಬೀದಿಯವರಿಗೆ ಮಾತ್ರ ಹೇಳಬೇಡಿ, ಅವರಿಗೆ ಅರ್ಧ ಆಗಲೇ ಗೊತ್ತು.

ನಮ್ಮ ಹಿತ್ತಿಲಲ್ಲಿ ಎರಡು ಹಳೆಯ ಮರಗಳಿದ್ದವು. ಬೇವಿನ ಮರ ಅವರದು. ಅದರ ಕೆಳಗೇ ಅವರ ಆರಾಮ ಕುರ್ಚಿ, ಪೇಪರು, ಮಧ್ಯಾಹ್ನದ ಗೊರಕೆ. ಹುಣಸೆ ಮರ ನನ್ನದು. (ಪತ್ರದ ಪ್ರಕಾರ ಎರಡೂ ಅವರವೇ. ಆದರೆ ಇಪ್ಪತ್ತೇಳು ವರ್ಷ ಹಣ್ಣು ಉದುರಿಸಿ, ಬೀಜ ಬಿಡಿಸಿ, ಉಪ್ಪು ಹಾಕಿ ಗಡಿಗೆಗೆ ತುಂಬಿದವಳು ನಾನು.) ಈ ಚನ್ನಮಲ್ಲಮ್ಮನ ಸಾರು ಅಂದರೆ ಕೊರಟಗೆರೆಯ ತನಕ ಹೆಸರು. ಆ ಹೆಸರಿನಲ್ಲಿ ಮುಕ್ಕಾಲು ಪಾಲು ಆ ಮರದ್ದು ಅಂತ ನಾನು ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ.

ಎರಡಕ್ಕೂ ವಯಸ್ಸಾಗಿತ್ತು. ಮಳೆ ಕೈಕೊಟ್ಟು, ಬೋರ್‌ವೆಲ್ಲು ದಿನಕ್ಕೊಂದು ಸಲ ಕೆಮ್ಮಿ ಹತ್ತು ಬಿಂದಿಗೆ ನೀರು ಉಗುಳಿ ಸುಮ್ಮನಾಗುತ್ತಿತ್ತು. ಹೋದ ಬೇಸಿಗೆಯ ಗಾಳಿಗೆ ಬೇವಿನ ಒಣಕೊಂಬೆಯೊಂದು ಮುರಿದು ಬಚ್ಚಲುಮನೆಯ ಶೀಟಿನ ಮೇಲೆ ಬಿತ್ತು. (ಒಳಗೆ ನಾನಿದ್ದೆ. ಮೈಗೆಲ್ಲ ಸೋಪು ಹಚ್ಚಿಕೊಂಡಿದ್ದೆ. ಮುಂದಿನದನ್ನು ಕೇಳಬೇಡಿ.) ಹಾಗಾಗಿ ಒಂದನ್ನು ತೆಗೆದು, ಇರುವ ನೀರನ್ನು ಇನ್ನೊಂದಕ್ಕೆ ಹಾಕಿ ಉಳಿಸಿಕೊಳ್ಳುವುದು ಅಂತ ಇಬ್ಬರೂ ಒಪ್ಪಿದೆವು. ಮದುವೆಯಾದ ಮೇಲೆ ನಾವಿಬ್ಬರೂ ಒಪ್ಪಿದ ಮೂರನೆಯ ವಿಷಯ ಅದು.

ಯಾವುದನ್ನು ತೆಗೆಯುವುದು ಅನ್ನುವಲ್ಲಿ ತಲೆ ಕೆಟ್ಟಿತು. ನಮ್ಮ ಬಯಲುಸೀಮೆಯಲ್ಲಿ ಮಾಘ ಮಾಸದ ಮರ ಸತ್ತಿದೆಯೋ ಮಲಗಿದೆಯೋ ಹೇಳುವುದು ಬ್ರಹ್ಮನಿಗೂ ಕಷ್ಟ. ಬೇವು ಎಲೆಯೆಲ್ಲ ಉದುರಿಸಿ ಬೋಳಾಗಿ ನಿಂತಿತ್ತು. ಯಜಮಾನರು ಉಗುರಿನಿಂದ ತೊಗಟೆ ಕೆರೆದು ನೋಡಿದರು. ಒಳಗೆ ಹಸಿರಿತ್ತು. "ಜೀವಂತವಾಗಿದೆ" ಅಂತ ನೋಟ್‌ಬುಕ್ಕಿನಲ್ಲಿ ಬರೆದರು. ಮಾರನೆಯ ದಿನ ಇನ್ನೊಂದು ಪಕ್ಕ ಕೆರೆದರೆ ಕಂದು. "ಸಂಶಯಾಸ್ಪದ" ಅಂತ ಬರೆದರು. ಪಕ್ಕದ ಮನೆ ಆಶಾರಾಣಿ ಕಾಂಪೌಂಡಿನ ಮೇಲಿಂದ ಇಣುಕಿ, "ಯುಗಾದಿ ತನಕ ಕಾಯಿರಿ ಅಂಕಲ್, ಚಿಗುರಿದ್ರೆ ಇಟ್ಕೊಳಿ, ಇಲ್ದಿದ್ರೆ ತೆಗೀರಿ" ಅಂದಳು. ಕಾದೆವು. ಬೇವು ಅರ್ಧ ಭಾಗ ಮಾತ್ರ ಚಿಗುರಿತು.

ಕೊನೆಗೆ ಮರ ಕಡಿಯುವ ಅಡವಯ್ಯನನ್ನು ಕರೆಸಿದೆವು. ಅವನು ಕೊಡಲಿ ಹಿಂಬದಿಯಿಂದ ಬೇವಿಗೆ ಬಡಿದು ಕಿವಿಯಿಟ್ಟು ಕೇಳಿದ.

"ಇದು ಸತ್ತಿಲ್ಲ ಕಣಮ್ಮ, ಬಾಯಾರೈತೆ ಅಷ್ಟೆ" ಅಂದ. ಆಮೇಲೆ ಹುಣಸೆಗೆ ಬಡಿದ. "ಇದಕ್ಕೆ ಬಾಯಾರಿಲ್ಲ. ಆದ್ರೆ ಒಳ್ಗೆ ವಸಿ ಟೊಳ್ಳಾಗೈತೆ."

"ಹಂಗಾದ್ರೆ ಯಾವುದು ಕಡೀಬೇಕಪ್ಪ?" ಅಂದೆ.

"ನೀವು ಏಳಿದ್ದು ಕಡೀತೀನಿ."

"ಯಾವಾಗ ಕಡೀಬೇಕು?"

"ಬೀಳಕ್ಕೆ ಮುಂಚೆ."

ಅವನು ಹೋದ ಮೇಲೆ ಮನೆಯಲ್ಲಿ ಮಹಾಯುದ್ಧ ನಡೆಯಿತು.

"ನಿಮ್ಮ ಬೇವು ನನ್ನ ಬಚ್ಚಲು ಮುರೀತು. ಅದು ಹೋಗಲಿ" ಅಂದೆ.

"ನಿನ್ನ ಹುಣಸೆ ಈ ವರ್ಷ ಎಷ್ಟು ಹಣ್ಣು ಕೊಡ್ತು? ಒಂದು ಮಂಕರಿ!"

"ನಿಮ್ಮ ಬೇವು ಏನು ಕೊಡ್ತು? ನಿಮಗೆ ನಿದ್ದೆ ಕೊಡ್ತು."

"ವೃಕ್ಷಗಳ ವಿಚಾರದಲ್ಲಿ ಭಾವುಕತೆ ಸಲ್ಲದು. ತೀರ್ಪನ್ನು ಕಾಯ್ದಿರಿಸಲಾಗಿದೆ" ಅಂತ ಹೇಳಿ ಅವರು ಮಾತು ಬಿಟ್ಟರು. ನಾನೇನು ಕಡಿಮೆ? ನಾನೂ ಬಿಟ್ಟೆ.

ಹತ್ತನೆಯ ದಿನ ಬೆಳಿಗ್ಗೆ ಹಿತ್ತಿಲಿಗೆ ಹೋಗಿ ನೋಡುತ್ತೇನೆ, ಗೇಟಿಗೆ ಬಳಿದು ಮಿಕ್ಕಿದ್ದ ನೀಲಿ ಬಣ್ಣದಲ್ಲಿ ತೀರ್ಪು ಪ್ರಕಟವಾಗಿದೆ. ಬೇವಿನ ಬುಡದ ಮೇಲೆ "ಕ". ಹುಣಸೆ ಬುಡದ ಮೇಲೆ "ಉ". ಮುಂದೇನೂ ಇಲ್ಲ. ನಾನು ಪೊರಕೆ ಹಿಡಿದು ಅಲ್ಲೇ ಯೋಚನೆಗೆ ಬಿದ್ದೆ. ಏನಿದು ಕ? ಏನಿದು ಉ? ನಮ್ಮ ಯಜಮಾನರು ಸಾಧಾರಣ ಪದ ಬಳಸುವ ಆಸಾಮಿ ಅಲ್ಲ. ಬೆಕ್ಕು ಹಾಲು ಚೆಲ್ಲಿದರೆ "ಮಾರ್ಜಾಲವು ಪಾತ್ರೆಯನ್ನು ಉರುಳಿಸಿತು" ಅನ್ನುವವರು. ಅಂದಮೇಲೆ ಉ ಅಂದರೆ ಉರುಳಿಸು, ಅನುಮಾನವೇ ಬೇಡ. ಹುಣಸೆಯನ್ನು ಉರುಳಿಸುವುದಾದರೆ ಬೇವಿನ ಮೇಲಿನ ಕ ಏನಾಗಬೇಕು? ಕಾಪಾಡು! ತಮ್ಮ ಮರಕ್ಕೆ ಕಾಪಾಡು, ನನ್ನ ಮರಕ್ಕೆ ಉರುಳಿಸು! ಇಪ್ಪತ್ತೇಳು ವರ್ಷ ಸಾರು ಸುರಿದುಕೊಂಡು ಉಂಡು, ಕೊನೆಗೆ ಇದೇನಾ ನ್ಯಾಯ ಅಂತ ನನ್ನ ರಕ್ತ ಕುದಿಯಿತು.

ಕೇಳಬಹುದಿತ್ತಲ್ಲ ಅಂತೀರಾ? ಮಾತು ಬಿಟ್ಟಿದ್ದೆನಲ್ಲ, ಹೇಗೆ ಕೇಳಲಿ? ಕೇಳಿದರೆ ಸೋತ ಹಾಗಲ್ಲವೇ?

ಅವರು ಸ್ನಾನಕ್ಕೆ ಹೋದ ಹೊತ್ತು ನೋಡಿ, ತೆಂಗಿನಕಾಯಿ ತುರಿಯುವ ಮಣೆಯನ್ನು ಎತ್ತಿಕೊಂಡು ಹೋಗಿ ಎರಡೂ ಅಕ್ಷರವನ್ನು ಕೆರೆದು ಹಾಕಿದೆ. ಅದೇ ನೀಲಿ ಬಣ್ಣದಲ್ಲಿ ನನ್ನ ಹುಣಸೆಗೆ ದುಂಡಗೆ "ಕ" ಬರೆದೆ, ಅವರ ಬೇವಿಗೆ "ಉ" ಬರೆದೆ. ಕೈ ತೊಳೆದು ಏನೂ ಅರಿಯದವಳ ಹಾಗೆ ಉಪ್ಪಿಟ್ಟು ಕೆದಕುತ್ತಾ ನಿಂತೆ. ಅವತ್ತಿಡೀ ಅವರು ಯಾಕೋ ಬೇವಿನ ಕಡೆ ಸುಳಿಯಲೇ ಇಲ್ಲ, ಮಧ್ಯಾಹ್ನದ ಗೊರಕೆಯೂ ಒಳಗೇ ಆಯಿತು.

ಮಾರನೆಯ ಬೆಳಿಗ್ಗೆ ಅವರು ಗೋಡೆಯ ಕಡೆ ಮುಖ ಮಾಡಿ, "ಅಡವಯ್ಯ ಬರ್ತಾನೆ. ಎಲ್ಲ ಅವನಿಗೆ ಹೇಳಿದೀನಿ. ನಾನು ಸಿರಾದಲ್ಲಿ ಸ್ನೇಹಿತರ ಮನೆಗೆ ಹೋಗ್ತಿದೀನಿ" ಅಂತ ಗೋಡೆಗೆ ತಿಳಿಸಿ, ಹಿತ್ತಿಲ ಕಡೆ ತಿರುಗಿಯೂ ನೋಡದೆ ಹೊರಟರು. ನಾನು ತೋವಿನಕೆರೆಗೆ ಬಸ್ಸು ಹತ್ತಿದೆ. ತಂಗಿಯ ಮಗಳು ಯಶಸ್ವಿನಿಗೆ ಅವತ್ತು ಸೀಮಂತ. ಅಲ್ಲಿ ತಂಗಿಯನ್ನು ಮೂಲೆಗೆ ಕರೆದು ನನ್ನ ಸಾಹಸವನ್ನೆಲ್ಲ ಹೇಳಿಕೊಂಡೆ. ಖುಷಿಗೆ ಎರಡು ಒಬ್ಬಟ್ಟು ಹೆಚ್ಚಿಗೇ ತಿಂದೆ.

ಸಂಜೆ ಮನೆಗೆ ಬಂದು ಅಡುಗೆಮನೆಯ ಕಿಟಕಿ ತೆಗೆದೆ. ಎದುರಿಗೆ ನಮ್ಮೂರಿನ ಬೆಟ್ಟ ಬುಡದಿಂದ ತುದಿಯವರೆಗೂ ಕಾಣುತ್ತಿತ್ತು. ಅಬ್ಬ, ಎಷ್ಟು ಚೆನ್ನಾಗಿ ಕಾಣುತ್ತಿದೆಯಲ್ಲ ಅನ್ನಿಸಿತು. ಇಪ್ಪತ್ತೇಳು ವರ್ಷ ಆ ಕಿಟಕಿಯಿಂದ ಬೆಟ್ಟ ಕಂಡಿರಲಿಲ್ಲ ಅನ್ನುವುದು ಆಮೇಲೆ ಹೊಳೆಯಿತು. ಹಿತ್ತಿಲಿಗೆ ಓಡಿದೆ. ನನ್ನ ಹುಣಸೆ ಇರಲಿಲ್ಲ. ಒಂದು ಬೊಡ್ಡೆ, ಒಂದು ರಾಶಿ ಕೊಂಬೆ, ಅಷ್ಟೇ. ಬೇವು ಅರ್ಧ ಚಿಗುರು ಹೊತ್ತು ಹಾಗೇ ನಿಂತಿತ್ತು. ನನಗೆ ಅಳು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಯಜಮಾನರು ಬಂದರು. ನಾನು ಹನ್ನೊಂದು ದಿನದ ಮಾತನ್ನೆಲ್ಲ ಒಟ್ಟಿಗೆ ಸುರಿದೆ.

"ಕೊನೆಗೂ ನನ್ನ ಮರ ತೆಗೆಸಿಬುಟ್ರಲ್ಲ! ನಿಮ್ಮ ಗೊರಕೆಗೆ ನೆರಳು ಬೇಕು, ನನ್ನ ಸಾರಿಗೆ ಹುಣಸೆ ಬೇಡ! ಅಡವಯ್ಯನಿಗೆ ಏನು ಹೇಳಿಕೊಟ್ಟು ಹೋದ್ರಿ?"

ಆಶಾರಾಣಿ ಕಾಂಪೌಂಡಿಗೆ ಸ್ಟೂಲು ಹಾಕಿಕೊಂಡೇ ನಿಂತಳು. ಯಜಮಾನರು ನನ್ನ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಬೇವಿನ ಹತ್ತಿರ ಹೋಗಿ ಅದರ ಮೈ ಮುಟ್ಟಿದರು. ಹುಣಸೆ ಬೊಡ್ಡೆ ನೋಡಿದರು. ಮತ್ತೆ ಬೇವಿನ ಮೇಲಿನ ಅಕ್ಷರದ ಹತ್ತಿರ ಬಗ್ಗಿ, ಕನ್ನಡಕ ಏರಿಸಿ, ಬಹಳ ಹೊತ್ತು ಓದಿದರು. ಒಂದೇ ಅಕ್ಷರವನ್ನು ಅಷ್ಟು ಹೊತ್ತು ಓದಿದವರನ್ನು ನಾನು ನೋಡಿಲ್ಲ.

"ಈ ಉ ನನ್ನದಲ್ಲ" ಅಂದರು. "ಇಷ್ಟು ಉದ್ದ ಬಾಲ ನಾನು ಎಳೆಯಲ್ಲ. ನಿನ್ನ ದಿನಸಿ ಚೀಟೀಲಿ ಉದ್ದಿನಬೇಳೆಗೆ ಇರೋದು ಇದೇ ಉ."

ನಾನು ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

"ಉ ಅಂದ್ರೆ ಏನು ಅಂದ್ಕೊಂಡೆ?"

"ಉರುಳಿಸು."

"ಕ?"

"ಕಾಪಾಡು."

ಅವರು ಹುಣಸೆ ಬೊಡ್ಡೆಯ ಮೇಲೆ ಕೂತುಬಿಟ್ಟರು. "ಉ ಅಂದ್ರೆ ಉಳಿಸು ಕಣೇ. ಕ ಅಂದ್ರೆ ಕಡಿ. ಕ ಇರೋ ಮರ ಕಡಿ ಅಂತಲೇ ಅಡವಯ್ಯನಿಗೂ ಹೇಳಿದ್ದೆ. ಇಡೀ ತಾಲ್ಲೂಕಿನಲ್ಲಿ ಯಾರಾದ್ರೂ ಮರ ಉರುಳಿಸ್ತಾರಾ? ಕಡೀತಾರೆ!"

"ನೀವು ಉರುಳಿಸ್ತೀರಲ್ಲ! ನಿಮ್ಮ ಜೊತೆ ಇದ್ದೇ ಕಲಿತಿದ್ದು."

"ನನ್ನ ಬೇವು ಬೀಳೋದು ನೋಡಕ್ಕಾಗಲ್ಲ ಅಂತ ಸಿರಾಕ್ಕೆ ಓಡಿಹೋಗಿದ್ದೆ" ಅಂದರು ಮೆಲ್ಲಗೆ. "ಬರೋವಾಗ ಬಸ್ಸಲ್ಲಿ ಕಣ್ಣು ಮುಚ್ಚಿಕೊಂಡೇ ಬಂದೆ."

ನನ್ನ ಮರ ಉಳಿಸಲಿಕ್ಕೆ ಅವರು ತಮ್ಮ ನೆರಳನ್ನೇ ಬಿಟ್ಟುಕೊಟ್ಟಿದ್ದರು, ನಾನು ಅದನ್ನು ತುರಿಯುವ ಮಣೆಯಿಂದ ಕೆರೆದು ಹಾಕಿದ್ದೆ. ಆಶಾರಾಣಿ ಸದ್ದಿಲ್ಲದೆ ಸ್ಟೂಲಿನಿಂದ ಇಳಿದಳು.

"ನಾಳೆ ಅಡವಯ್ಯ ಸೌದೆ ಸಾಗಿಸೋಕೆ ಬರ್ತಾನೆ, ಮರ ಕೊಯ್ಯೋ ಮೆಷಿನ್ನೂ ತರ್ತಾನೆ" ಅಂದರು ಯಜಮಾನರು. "ಬೇವು ಅರ್ಧ ಒಣಗಿರೋದು ನಿಜ. ಇನ್ನೊಂದು ಗಾಳಿ ತಡೆಯುತ್ತೋ ಇಲ್ವೋ. ಈ ಸಲ ತೀರ್ಪು ನಿಂದು. ಒಂದಕ್ಷರ ಬರೆದು ನಿಲ್ಲಿಸಬೇಡ, ಪೂರ್ತಿ ಪದ ಬರಿ."

ಬಚ್ಚಲುಮನೆಯ ಶೀಟು ನೆನಪಾಯಿತು. ಆದರೂ ಬೊಡ್ಡೆಯ ಮೇಲೆ ಕೂತಿದ್ದ ಅವರನ್ನು ನೋಡಿದರೆ ಕಡಿ ಅಂತ ಬರೆಯಲು ಕೈ ಬರಲಿಲ್ಲ. ಒಣಗಿದ ಕೊಂಬೆಗಳನ್ನಷ್ಟೇ ಸವರಿಸಿದರಾಯಿತು, ಈ ಮನುಷ್ಯನ ನೆರಳು ಕಿತ್ತುಕೊಳ್ಳುವ ಪಾಪ ನನಗೆ ಬೇಕಿಲ್ಲ ಅಂದುಕೊಂಡೆ. ಯಾರಿಗೂ ಗೊಂದಲವಾಗದ ಹಾಗೆ, ಹಳೆಯ ಉ ಕೆರೆದು, ನನ್ನ ಕೈಲಾದಷ್ಟು ದಪ್ಪ ಅಕ್ಷರದಲ್ಲಿ "ಬೇಡ" ಅಂತ ಬರೆದು ಬಂದೆ. ಇನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕನ್ನಡದಲ್ಲಿ ಸಾಧ್ಯವಿಲ್ಲ ಅಂತ ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಹಿತ್ತಿಲಲ್ಲಿ ಮೆಷಿನ್ನು ಗುರ್‌ ಅಂದ ಸದ್ದಿಗೆ ದೋಸೆ ಕಾವಲಿ ಬಿಟ್ಟು ಓಡಿದೆ. ಅಡವಯ್ಯ ಬೇವಿನ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದ. ನನ್ನನ್ನು ಕಂಡು ಮೆಷಿನ್ನು ಆರಿಸಿ ತಲೆ ಕೆರೆದುಕೊಂಡ.

"ಅಲ್ಲ ಕಣಮ್ಮ, ಇದೆಂಗೆ ಓದ್ಕಬೇಕು? ಮರ ಬ್ಯಾಡ್ವೋ, ಕಡಿಯಾದು ಬ್ಯಾಡ್ವೋ?"

ಆರಾಮ ಕುರ್ಚಿಯಲ್ಲಿದ್ದ ಕನ್ನಡ ಮೇಷ್ಟ್ರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು, ಪೇಪರು ಗಡಗಡ ನಡುಗುತ್ತಿತ್ತು. ನಾನು ಬಾಯಿ ತೆರೆದೆ. ಏನು ಹೇಳಿದರೂ ಅದಕ್ಕೆ ಇನ್ನೊಂದು ಅರ್ಥ ಇದ್ದೇ ಇರುತ್ತದೆ ಅನ್ನಿಸಿ ಮುಚ್ಚಿಕೊಂಡೆ. ಸುಮ್ಮನೆ ಹೋಗಿ, ದೋಸೆ ಮಗುಚುವ ಕೈಯಲ್ಲೇ ಬೇವಿನ ಮರವನ್ನು ತಬ್ಬಿಕೊಂಡು ನಿಂತೆ.